ಆರು ಜನಕ್ಕೆ, ಒಮ್ಮೊಮ್ಮೆ ಏಳು

ಬುಧವಾರ, ಬೆಳಿಗ್ಗೆ ಎಂಟು ಗಂಟೆ
ಅಂಗಡಿಯೊಳಗಿನಿಂದ, ಶಟರ್ ಇನ್ನೂ ಅರ್ಧಕ್ಕೇ ಇದೆ

ಟೀಚರಮ್ಮನಿಗೆ,

ನಿನ್ನ ಕಾಗದವನ್ನು ‘ಮಾನ್ಯರೇ’ ಅಂತ ಶುರು ಮಾಡಿದ್ದೀಯ. ಇಪ್ಪತ್ತೆರಡು ವರ್ಷ ಸಂಸಾರ ಮಾಡಿದೆವು, ಒಂದು ದಿನವೂ ನಾನು ನಿನ್ನ ಬಾಯಲ್ಲಿ ಮಾನ್ಯ ಆಗಲಿಲ್ಲ. ನೀನು ಬಿಟ್ಟುಹೋದ ಮೂರು ವರ್ಷಕ್ಕೆ ಆದೆ. ಇರಲಿ, ತಾನಾಗಿ ಬಂದ ಮರ್ಯಾದೆಯನ್ನು ವಾಪಸ್ ಕಳಿಸುವವನಲ್ಲ ನಾನು.

ಕಾಗದ ವ್ಯವಸ್ಥಾಪಕರ ಹೆಸರಿಗೆ ಬಂದಿತ್ತು. ನಮ್ಮಲ್ಲಿ ಅಂಥವರು ಯಾರೂ ಇಲ್ಲ ಅಂತ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಮೇಸ್ತ್ರಿ ಒಡೆದು ನೋಡಿದ. ನೋಡಿ, ಏನೂ ಓದದೆ, ನನ್ನ ಮುಂದಿಟ್ಟು, ಇದು ನಮ್ಮ ಅಕ್ಕನ ಕೈ ಅಂದ. ಹೇಗೆ ಹೇಳ್ತೀಯ ಅಂದೆ. ಬಾಗಿಲು ಒಳಗೆ ತೆರೆಯುತ್ತೋ ಹೊರಗೆ ತೆರೆಯುತ್ತೋ ಅಂತ ಗೆರೆ ಎಳೆದು ತೋರಿಸೋ ಗಿರಾಕಿ ಈ ಊರಲ್ಲಿ ಇನ್ನೊಬ್ಬರಿದ್ದಾರಾ ಅಂದ. ಚಿತ್ರಕಲೆಯ ಮೇಡಂ ಬರೆದ ನಕ್ಷೆ ಅಂದರೆ ಸುಮ್ಮನೆಯೇ? ಕಿಟಕಿಯ ಸರಳು ಸಮೇತ ಬರೆದಿದ್ದೀಯ.

ಊರಲ್ಲಿ ಪೀಠೋಪಕರಣದ ಅಂಗಡಿ ಹನ್ನೊಂದಿವೆ. ಅದರಲ್ಲಿ ಎರಡು ನಿನ್ನ ಮನೆಗೆ ನಡೆದು ಹೋಗುವಷ್ಟು ಹತ್ತಿರ. ಆದರೂ ನನ್ನ ಅಂಗಡಿಗೇ ಬರೆದೆ. ಇದನ್ನು ಗಮನಿಸಿದ್ದೇನೆ ಅಂತಷ್ಟೇ ಹೇಳಿ ಮುಂದಕ್ಕೆ ಹೋಗುತ್ತೇನೆ.

ಈಗ ಕೆಲಸದ ಮಾತು. ಕೋಣೆ ಹನ್ನೆರಡು ಅಡಿ ಉದ್ದ, ಹತ್ತು ಅಡಿ ಅಗಲ. ಉದ್ದದ ಒಂದು ಗೋಡೆಗೆ ಒಂದಡಿ ಆಳದ ಕಪಾಟು, ಎದುರು ಗೋಡೆಯಲ್ಲಿ ಕಿಟಕಿ. ‘ಆರು ಜನ ಆರಾಮವಾಗಿ ಕೂರುವಂತೆ, ಒಮ್ಮೊಮ್ಮೆ ಏಳು’ ಅಂತ ಬರೆದಿದ್ದೀಯ. ಯಾವ ಅಳತೆ ಸರಿ ಅಂತ ಕೇಳಿದ್ದೀಯ.

ಎಲ್ಲರೂ ತಪ್ಪು ಮಾಡುವುದು ಇಲ್ಲೇ. ಟೇಬಲ್ ಅಳೆಯುತ್ತಾರೆ, ಮನುಷ್ಯರನ್ನು ಅಳೆಯುವುದಿಲ್ಲ. ಒಬ್ಬ ಮನುಷ್ಯ ಪಕ್ಕದವನಿಗೆ ಮೊಣಕೈ ತಾಗಿಸದೆ ಉಣ್ಣಬೇಕಾದರೆ ಎರಡಡಿ ಬೇಕು. ಕುರ್ಚಿ ಹಿಂದಕ್ಕೆ ಎಳೆದು ಏಳುವುದಕ್ಕೆ ಟೇಬಲ್ ಅಂಚಿನಿಂದ ಗೋಡೆಗೆ ಎರಡೂವರೆ ಅಡಿ. ಅದೇ ಕುರ್ಚಿಯ ಹಿಂದೆ ಇನ್ನೊಬ್ಬರು ಪಾತ್ರೆ ಹಿಡಿದು ಓಡಾಡಬೇಕಾದರೆ ಮೂರಡಿಗೆ ಕಡಿಮೆ ಮಾಡಬೇಡ. ಅಂಗಡಿಯಲ್ಲಿ ದೊಡ್ಡ ಜಾಗದಲ್ಲಿ ಚಿಕ್ಕದಾಗಿ ಕಾಣುವ ಟೇಬಲ್ ಮನೆಗೆ ಹೋದ ತಕ್ಷಣ ಎಮ್ಮೆ ಹಾಗೆ ಅಡ್ಡ ಮಲಗುತ್ತದೆ. ಆಮೇಲೆ ಒಬ್ಬರು ಎದ್ದರೆ ಸಾಲಿನವರೆಲ್ಲ ಏಳಬೇಕು.

ಆರು ಅಡಿಗೆ ಮೂರು ಅಡಿಯ ನಾಲ್ಕು ಕಾಲಿನ ಟೇಬಲ್ ನಿನ್ನ ಕೋಣೆಗೆ ಚೆನ್ನಾಗಿ ಹೊಂದುತ್ತದೆ. ಆರು ಜನಕ್ಕೆ ಅದು ಸಾಕು, ಧಾರಾಳವಾಗಿ ಸಾಕು. ತೊಂದರೆ ಇರುವುದು ನಿನ್ನ ‘ಒಮ್ಮೊಮ್ಮೆ’ಯಲ್ಲಿ. ಏಳನೆಯವರು ಬಂದರೆ ಅವರಿಗೆ ಸಿಗುವುದು ಮೂಲೆ. ಟೇಬಲ್ಲಿನ ಕಾಲು ಎರಡು ಮಂಡಿಗಳ ನಡುವೆ. ಅಂಥ ಜಾಗದಲ್ಲಿ ಕೂತವನು ಅರ್ಧ ಊಟಕ್ಕೇ ಹೊಟ್ಟೆ ತುಂಬಿತು ಅಂತ ಎದ್ದುಬಿಡುತ್ತಾನೆ.

ನಿನ್ನೆ ಮಧ್ಯಾಹ್ನ ಅಂಗಡಿಯ ನೆಲದ ಮೇಲೆ ನಿನ್ನ ಕೋಣೆಯನ್ನು ಸೀಮೆಸುಣ್ಣದಲ್ಲಿ ಎಳೆಸಿದೆ. ದೊಡ್ಡ ಆರ್ಡರಿಗೆಲ್ಲ ಹೀಗೇ ಮಾಡುತ್ತೇವೆ, ನಿನಗೆ ವಿಶೇಷ ಅಂತಲ್ಲ. ಬಾಗಿಲು, ಕಪಾಟು, ಕಿಟಕಿ, ಎಲ್ಲ ಗುರುತು ಹಾಕಿಸಿ, ಒಳಗೆ ಆ ನಾಲ್ಕು ಕಾಲಿನ ಟೇಬಲ್ ಇಟ್ಟು, ಕೆಲಸದವರನ್ನು ಕೂರಿಸಿದೆ. ಆರು ಜನ ಯಾರು ಅಂತ ನನಗೆ ಗೊತ್ತು. ಮಗಳು ವಾರಕ್ಕೊಮ್ಮೆ ಅಂಗಡಿಗೆ ಬರುತ್ತಾಳಲ್ಲ, ಹೇಳಿದ್ದಾಳೆ. ನೀನು, ಅವಳು, ಆ ಕನ್ನಡಕದ ಅಂಗಡಿಯ ಹುಡುಗ, ಅವನ ಅಪ್ಪ, ಅಮ್ಮ, ಮತ್ತೆ ನಿನ್ನ ಅಣ್ಣ. ಮುಂದಿನ ತಿಂಗಳು ಮೊದಲನೇ ಭಾನುವಾರ ಹುಡುಗನ ಕಡೆಯವರು ಮದುವೆ ಮಾತಿಗೆ ಬರುತ್ತಾರೆ, ಊಟ ನಿನ್ನ ಮನೆಯಲ್ಲಿ. ಇಷ್ಟು ಹೇಳಿದಳು. ಅಪ್ಪ, ನೀನೂ ಬಾ ಅನ್ನಲಿಲ್ಲ. ನಾನೂ ಕೇಳಲಿಲ್ಲ. ಅದು ಅಮ್ಮ ಹೇಳಬೇಕಾದ್ದು ಅಂತ ಬಾಗಿಲ ಹತ್ತಿರ ನಿಂತು ಒಂದು ಮಾತು ಅಂದಳು, ಅಷ್ಟೆ.

ಪಾಲಿಷ್ ಹಾಕುವವನನ್ನು ನಿನ್ನ ಅಣ್ಣ ಅಂತ ಕೂರಿಸಿದೆ. ಭಾವನ ಗಾತ್ರಕ್ಕೆ ನಮ್ಮಲ್ಲಿ ಇರುವುದು ಅವನೊಬ್ಬನೇ. ಮರ ಕುಯ್ಯುವವನು ಹುಡುಗನ ತಾಯಿಯಾದ. ಪಾತ್ರ ಸಿಕ್ಕಿದ್ದೇ ತಡ, ಬೀಗಿತ್ತಿಯ ಬಿಗುಮಾನ ಬಂದುಬಿಟ್ಟಿತು. ಟೀ ಲೋಟವನ್ನು ಕಿರುಬೆರಳೆತ್ತಿ ಹಿಡಿದು, ನಮ್ಮ ಹುಡುಗನಿಗೆ ಕಡಿಮೆ ಖಾರ ಆಗಬೇಕು ಅಂತ ಶುರು ಮಾಡಿದ. ಮೇಸ್ತ್ರಿ ತಟ್ಟೆ ಹಿಡಿದು ಕಪಾಟಿನ ಕಡೆಯಿಂದ ಮೂರು ಸುತ್ತು ಹಾಕಿದ. ಯಾರ ಬೆನ್ನಿಗೂ ತಾಗಲಿಲ್ಲ.

ಆಮೇಲೆ ಅವನೇ ಏಳನೇ ಕುರ್ಚಿ ತಂದು ಹಾಕಿ, ಇಲ್ಲಿ ಯಾರು ಅಂತ ಕೇಳಿದ. ಯಾರಾದರೂ ಕೂತ್ಕೊಳ್ಳಿ ಅಂದೆ. ಎಲ್ಲರೂ ನನ್ನ ಮುಖ ನೋಡಿದರು. ಅನ್ನ ತಿನ್ನುವವರು, ಅವರಿಗೆ ಬಿಡಿಸಿ ಹೇಳಬೇಕಾ? ನೀವೇ ಕೂತ್ಕೊಳ್ಳಿ ಯಜಮಾನ್ರೇ, ಅಳತೆ ಅಳತೆಯೇ ಅಲ್ವಾ ಅಂದ ಮೇಸ್ತ್ರಿ. ಕೂತೆ. ನಾಲ್ಕು ಕಾಲಿನ ಟೇಬಲ್ಲಿನಲ್ಲಿ ಮೂಲೆಯ ಕಾಲು ನನ್ನ ಮಂಡಿಗೆ ಬಡಿಯಿತು. ಅದನ್ನು ತೆಗೆಸಿ ಇನ್ನೊಂದು ಹಾಕಿಸಿದೆ.

ಆ ಇನ್ನೊಂದನ್ನೇ ನಿನಗೆ ಹೇಳುತ್ತಿರುವುದು. ಮೊಟ್ಟೆಯಾಕಾರದ್ದು, ಆರೂವರೆ ಅಡಿ ಉದ್ದ, ನಡುವಿನ ಅಗಲ ಮೂರೂವರೆ. ಮೂಲೆಗಳೇ ಇಲ್ಲ. ಕಾಲು ನಾಲ್ಕಲ್ಲ, ನಡುವೆ ದಪ್ಪಗೆ ಒಂದೇ ಕಂಬ. ಯಾರು ಎಲ್ಲಿ ಕೂತರೂ ಮಂಡಿಗೆ ಏನೂ ತಾಗುವುದಿಲ್ಲ. ಕಪಾಟಿನ ಕಡೆ ಮೂರಡಿ ಬಿಡು, ನೀನು ಓಡಾಡುವುದು ಅಲ್ಲೇ. ಕಿಟಕಿಯ ಕಡೆ ಎರಡೂವರೆ ಸಾಕು, ಅಲ್ಲಿ ಮೂವರು ಕೂರಲಿ. ಎರಡು ತುದಿಗೆ ಒಬ್ಬೊಬ್ಬರು, ಈಚೆ ಇಬ್ಬರು. ಏಳೂ ಜನಕ್ಕೆ ತಲಾ ಎರಡಡಿಯ ಮೇಲೇ ಸಿಗುತ್ತದೆ. ಎತ್ತರ ಮೂವತ್ತು ಇಂಚು, ಕುರ್ಚಿ ಹದಿನೆಂಟು. ಕಂಬ ಬಿಚ್ಚಿದರೆ ಹಲಗೆ ಓರೆಯಾಗಿ ನಿನ್ನ ಮೂರಡಿ ಬಾಗಿಲಲ್ಲಿ ದಾಟುತ್ತದೆ. ಸಿದ್ಧವಾಗೇ ಇದೆ. ಸರಿ ಅಂದರೆ ಭಾನುವಾರ ಕಳಿಸುತ್ತೇನೆ. ಟೇಬಲ್ ವಿಷಯದಲ್ಲಿ ನನ್ನ ಮಾತು ತಪ್ಪಿದ್ದಿಲ್ಲ, ಇದು ನಿನಗೂ ಗೊತ್ತು.

ಟೇಬಲ್ ವಿಷಯದಲ್ಲೇ ತಪ್ಪಿದ್ದು ಅಂತ ನೀನು ಈಗ ಅಂದುಕೊಂಡಿರುತ್ತೀಯ. ಅದನ್ನೂ ಬರೆಯುತ್ತೇನೆ, ಹೆದರಿ ಬಿಟ್ಟ ಅನ್ನಬೇಡ.

ಅಂಗಡಿಯ ಮೇಲಿನ ಮನೆಯಲ್ಲಿ ನಾವು ಉಂಡ ಟೇಬಲ್ಲುಗಳನ್ನು ಮೊನ್ನೆ ಕೂತು ಎಣಿಸಿದೆ. ಹತ್ತೊಂಬತ್ತು. ಒಂದೂ ನಮ್ಮದಲ್ಲ. ಅಂಗಡಿಯಲ್ಲಿ ಖಾಲಿ ನಿಂತ ಟೇಬಲ್ಲಿಗಿಂತ, ಒಂದು ಸಂಸಾರ ಸುತ್ತ ಕೂತು ಉಣ್ಣುತ್ತಿರುವ ಟೇಬಲ್ ಬೇಗ ಹೋಗುತ್ತದೆ. ಇದು ನಾನೇ ಕಂಡುಹಿಡಿದ ಉಪಾಯ, ಯಾರೂ ಕಲಿಸಿದ್ದಲ್ಲ. ಗಿರಾಕಿಯನ್ನು ಮೆಟ್ಟಿಲು ಹತ್ತಿಸಿ ಕರೆದುಕೊಂಡು ಬರುತ್ತಿದ್ದೆ, ನೀನು ಬಡಿಸುತ್ತಿದ್ದೆ, ಮಗಳು ತಿನ್ನುತ್ತಿದ್ದಳು, ಅವರು ನೋಡಿ ಮರುಳಾಗುತ್ತಿದ್ದರು. ಮರುದಿನ ಟೇಬಲ್ ಇಳಿಯುತ್ತಿತ್ತು, ಬೇರೆಯದು ಏರುತ್ತಿತ್ತು. ಮೂರು ವರ್ಷದವಳಿದ್ದಾಗ ಮಗಳು ಟೇಬಲ್ ಅಂಚಿಗೆ ಗದ್ದ ತಾಗಿಸಿ ತನ್ನ ಎತ್ತರ ನೋಡಿಕೊಳ್ಳುತ್ತಿದ್ದಳು. ಒಂದು ದಿನ ಬೆಳಿಗ್ಗೆ ಅಂಚು ಮೂಗಿನವರೆಗೆ ಬಂದಿತ್ತು, ಹೊಸದು ಎರಡಿಂಚು ಎತ್ತರದ್ದು. ನಾನು ಚಿಕ್ಕವಳಾಗಿಬಿಟ್ಟೆ ಅಂತ ಅತ್ತಳು. ನಾನು ಬಿದ್ದು ಬಿದ್ದು ನಕ್ಕೆ. ನೀನು ನಗಲಿಲ್ಲ. ಆವತ್ತೇ ನಾನು ಕಣ್ಣು ಬಿಡಬೇಕಿತ್ತು.

ಕೊನೆಯ ಸಲ ಟೇಬಲ್ ಇಳಿದದ್ದು ನೀನು ಮುಖ್ಯೋಪಾಧ್ಯಾಯಿನಿಯಾದಾಗ. ನೀನು ಶಾಲೆಯಿಂದ ಐದು ಜನರನ್ನು ಊಟಕ್ಕೆ ಕರೆದಿದ್ದೆ. ಆರು ಜನರ ಟೇಬಲ್ಲಿಗೆ ಅಳತೆ ಹಿಡಿದು ನೀನೇ ಬಟ್ಟೆ ಹೊಲಿದಿದ್ದೆ, ಅಂಚಿಗೆ ಎಲೆಗಳ ಚಿತ್ತಾರ. ಹನ್ನೊಂದು ಗಂಟೆಗೆ ಹೋಟೆಲಿನವರು ಬಂದು, ಈಗಲೇ ಬೇಕು ಅಂದರು. ನಾನು ತಟ್ಟೆಗಳನ್ನು ಹಾಸಿಗೆಯ ಮೇಲೆ ಜೋಡಿಸಿಟ್ಟು ಟೇಬಲ್ ಇಳಿಸಿದೆ. ಒಂದು ಗಂಟೆಯೊಳಗೆ ಇನ್ನೊಂದು ಏರಿಸುತ್ತೇನೆ ಅಂದೆ, ಏರಿಸಿದೆ. ಮಾತಿಗೆ ತಪ್ಪಲಿಲ್ಲ ಅಂತ ಬಹಳ ದಿನ ವಾದ ಮಾಡಿಕೊಂಡು ಓಡಾಡಿದೆ. ಅದು ನಾಲ್ಕು ಜನರದ್ದು. ಐದೂ ಜನ ಹೇಗೋ ಒತ್ತಿಕೊಂಡು ಕೂತರು, ಆರನೆಯವಳಿಗೆ ಜಾಗ ಉಳಿಯಲಿಲ್ಲ. ಊಟ ನಿನ್ನದು, ಸಂತೋಷ ನಿನ್ನದು, ನೀನು ಕೊನೆಯವರೆಗೂ ನಿಂತು ಬಡಿಸಿದೆ. ಅವರು ಹೋದಮೇಲೆ ನೀನು ಆ ಬಟ್ಟೆ ಮಡಚಿ ಚೀಲಕ್ಕೆ ಹಾಕಿಕೊಂಡೆ. ಎಲ್ಲಿಗೆ ಅಂದೆ ನಾನು. ನನ್ನದು ಅಂತ ಒಂದು ಕುರ್ಚಿ ಇರೋ ಕಡೆಗೆ ಅಂದೆ ನೀನು.

ತಪ್ಪು ನನ್ನದು. ಅರ್ಧ ನಿನ್ನದು ಅಂತ ಎರಡು ವರ್ಷ ಹೇಳಿದೆ, ಮೂರನೇ ವರ್ಷ ಬಿಟ್ಟೆ. ಮನೆಯನ್ನು ಅಂಗಡಿ ಮಾಡಿದವನು ನಾನು, ನೀನಲ್ಲ.

ಮೇಲಿನ ಮನೆಯಲ್ಲಿ ಈಗ ಟೇಬಲ್ಲೇ ಇಲ್ಲ. ಯಾಕೆ ಅಂತ ಕೇಳಿದವರಿಗೆ ಜಾಗ ವಿಶಾಲವಾಗಿರಲಿ ಅಂತ ಹೇಳುತ್ತೇನೆ. ತಟ್ಟೆಯನ್ನು ಕೈಯಲ್ಲೇ ಹಿಡಿದು ಕಿಟಕಿಯ ಹತ್ತಿರ ನಿಂತು ಮುಗಿಸುತ್ತೇನೆ. ಬೇಗ ಆಗುತ್ತದೆ.

ಏಳನೆಯವರು ಯಾರು ಅಂತ ಅಂಗಡಿಯವನು ಕೇಳಬಾರದು, ಅದು ಗಿರಾಕಿಯ ಮನೆಯ ವಿಚಾರ. ಆದರೆ ಈ ಕಾಗದ ಬರೆಯುತ್ತಿರುವವನು ಬರೀ ಅಂಗಡಿಯವನಲ್ಲವಾದ್ದರಿಂದ ಕೇಳುತ್ತೇನೆ. ನನ್ನ ಮಗಳ ಮದುವೆ ಮಾತಾಡುವಾಗ ನಾನು ಆ ಟೇಬಲ್ಲಿನಲ್ಲಿ ಇರುತ್ತೇನೋ ಇಲ್ಲವೋ? ಏಳನೆಯದು ನೆರೆಮನೆಯವರಿಗೋ, ನಿನ್ನ ಸಹೋದ್ಯೋಗಿಗೋ ಆದರೆ ಹಾಗಂತಲೇ ಬರೆ. ಅದರಿಂದ ಟೇಬಲ್ ಅರ್ಧ ಇಂಚೂ ಕಿರಿದಾಗುವುದಿಲ್ಲ, ಪಾಲಿಷ್ ಮಂಕಾಗುವುದಿಲ್ಲ. ಅಷ್ಟರಮಟ್ಟಿಗೆ ನನ್ನನ್ನು ನಂಬಬಹುದು.

ಇಷ್ಟು ಬರೆದು, ಶಟರ್ ಪೂರ್ತಿ ಎತ್ತಲು ಏಳುತ್ತಿರುವ,
ನಿನ್ನ ಅಂಗಡಿಯವನು

ತಾ.ಕ. ಈಗ ಮಧ್ಯಾಹ್ನ ಹನ್ನೆರಡೂವರೆ. ಇದನ್ನು ನಾನೇ ಬರೆದುಬಿಡುವುದು ಒಳ್ಳೆಯದು, ಇಲ್ಲದಿದ್ದರೆ ಮೇಸ್ತ್ರಿ ಮಗಳಿಗೆ ಹೇಳುತ್ತಾನೆ, ಮಗಳು ನಿನಗೆ ಹೇಳುತ್ತಾಳೆ. ಹನ್ನೊಂದಕ್ಕೆ ಹಲ್ಲಿನ ಡಾಕ್ಟರು ಹೆಂಡತಿಯ ಜೊತೆ ಬಂದರು. ಹೊಸ ಮನೆಗೆ ಟೇಬಲ್ ಬೇಕು, ಇದೇ ಬೇಕು, ಇವತ್ತೇ ಬೇಕು ಅಂದರು. ಮೇಸ್ತ್ರಿ ಇದು ಕೊಟ್ಟಾಗಿದೆ ಅಂದ. ನಿಜ ಹೇಳುತ್ತೇನೆ, ಒಂದೆರಡು ನಿಮಿಷ ನನ್ನ ತಲೆ ಹಳೆಯ ದಾರಿಯಲ್ಲೇ ಓಡಿತು. ಮರ ಇದೆ, ಕಂಬ ಇದೆ, ಹತ್ತು ದಿನದಲ್ಲಿ ನಿನಗೆ ಇಂಥದ್ದೇ ಇನ್ನೊಂದು, ನಿನಗೆ ಗೊತ್ತೂ ಆಗುವುದಿಲ್ಲ. ಬಾಯಿ ತೆರೆದಿದ್ದೂ ಆಗಿತ್ತು. ಅಷ್ಟರಲ್ಲಿ ಆಕೆ, ಯಾರಿಗೆ ಕೊಟ್ಟಿದ್ದೀರಿ ಅಂತ ಕೇಳಿದರು. ನಮ್ಮ ಮನೆಯವರಿಗೆ ಅಂದೆ. ಮೇಸ್ತ್ರಿ ತಿರುಗಿ ಗೋಡೆ ನೋಡತೊಡಗಿದ.

ಆದರೆ ಸಂಜೆ ಇನ್ನೊಬ್ಬರು ಬಂದರೆ ನಾನು ಏನನ್ನುತ್ತೇನೋ ನನಗೇ ಗೊತ್ತಿಲ್ಲ. ಅದಕ್ಕೇ ಭಾನುವಾರದವರೆಗೆ ಕಾಯದೆ ಈಗಲೇ ಟೆಂಪೋಗೆ ಹಾಕಿಸಿದ್ದೇನೆ, ಈ ಕಾಗದ ಅದರ ಜೊತೆಗೇ ಬರುತ್ತದೆ. ಕುರ್ಚಿ ಏಳೂ ಇವೆ. ಆರು ಸಾಕು ಅನ್ನಿಸಿದರೆ ಏಳನೆಯದನ್ನು ಅದೇ ಟೆಂಪೋದಲ್ಲಿ ವಾಪಸ್ ಹಾಕು, ಏನೂ ಬರೆಯಬೇಕಾಗಿಲ್ಲ. ಡ್ರೈವರ್‌ಗೆ ಅರ್ಧ ಗಂಟೆ ಕಾಯಲು ಹೇಳಿದ್ದೇನೆ. ಟೆಂಪೋ ತಿರುಗಿ ಬರುವವರೆಗೆ ನಾನು ಅಂಗಡಿಯ ಹೊರಗೇ ನಿಂತಿರುತ್ತೇನೆ.