ಐದಕ್ಕೆ ಐದು

ಫೆಬ್ರುವರಿ 4, ಬುಧವಾರ

ಇವತ್ತೂ ಎರಡು ಗಂಟೆ ಕುರ್ಚಿಯಲ್ಲಿ ಕೂತು ದಡ್ಡನಾಗಿ ಬಂದೆ. ಕೆಲಸವೇ ಅದು.

ಅಕ್ಕನ ಮಗಳ ಆಫೀಸು. ನಾಲ್ಕನೇ ಮಹಡಿ, ಗಾಜಿನ ಕೋಣೆ, ಒಂದು ಮೇಜು, ಮೇಲಿಂದ ಕೈಯನ್ನೇ ದಿಟ್ಟಿಸುವ ಕ್ಯಾಮೆರಾ. ಯಾರೋ ಮಾಡಿದ ಸಾಫ್ಟ್‌ವೇರನ್ನು ನನ್ನಂಥವರ ಕೈಗೆ ಕೊಡುತ್ತಾಳೆ. ಎಲ್ಲಿ ತಡವರಿಸುತ್ತೇವೆ, ಎಲ್ಲಿ ಬೆಪ್ಪಾಗುತ್ತೇವೆ, ಬರೆದುಕೊಳ್ಳುತ್ತಾಳೆ. ಆಮೇಲೆ ಕಂಪನಿಗೆ ರಿಪೋರ್ಟು. ಅದಕ್ಕೆ ಆಡಿಟ್ ಅಂತ ಹೆಸರು. ಇವತ್ತಿನದು ರೈಲಿನ ಸೀಟು ಕಾದಿರಿಸುವುದು.

"ಮನಸ್ಸಿಗೆ ಬಂದಿದ್ದನ್ನ ಬಾಯಿಬಿಟ್ಟು ಹೇಳ್ತಾ ಹೋಗಿ ಮಾವ" ಅಂದಳು. ಹೇಳಿದೆ — "ಈ ಬಟನ್ ಇಲ್ಲಿಟ್ಟವನು ಸಿಕ್ಕಿದ್ರೆ ಕಿವಿ ಹಿಂಡ್ತಿದ್ದೆ." ಅದನ್ನೂ ಬರೆದುಕೊಂಡಳು!

ಮನೆಯ ಮೆಟ್ಟಿಲಲ್ಲಿ ಕೆಳಮನೆಯ ದರ್ಜಿ ಸಿಕ್ಕ. ಎಲ್ಲಿಂದ ಸವಾರಿ ಅಂದ. "ಸಾಫ್ಟ್‌ವೇರ್ ಇನ್‌ಸ್ಪೆಕ್ಷನ್" ಅಂದೆ. ಊರ ಶಾಲೆಯ ಏಳನೇ ಕ್ಲಾಸು, ಮೂವತ್ತೆಂಟು ವರ್ಷ ಹೊಲಿಗೆ ಮಷೀನ್ ರಿಪೇರಿ, ಈಗ ಇನ್‌ಸ್ಪೆಕ್ಟರು. ಮನೆಯೊಳಗಿಂದ ಅಕ್ಕ ಕೇಳಿಸಿಕೊಂಡಳು.

"ಇನ್‌ಸ್ಪೆಕ್ಟರ್ ಸಾಹೇಬ್ರೇ, ಹಾಲು ಉಕ್ಕಿ ಒಲೆ ಆರಿದೆ. ಅದನ್ನೂ ಸ್ವಲ್ಪ ತನಿಖೆ ಮಾಡಿ."

ಇವಳಿಗೆ ನಾಳೆ ಡಯಾಲಿಸಿಸ್. ಮಂಗಳವಾರ, ಗುರುವಾರ, ಶನಿವಾರ. ಎರಡು ವರ್ಷವಾಯಿತು. ಬಾಯಿಗೆ ಮಾತ್ರ ಏನೂ ಆಗಿಲ್ಲ.

ಫೆಬ್ರುವರಿ 9, ಸೋಮವಾರ

ನಾಳೆಯ ಆಡಿಟ್ ಅಕ್ಕ ಹೋಗುವ ಆಸ್ಪತ್ರೆಯದ್ದೇ. ಡಯಾಲಿಸಿಸ್ ಸರದಿಯನ್ನು ಇನ್ನು ಮುಂದೆ ನರ್ಸಮ್ಮ ರಿಜಿಸ್ಟರಿನಲ್ಲಿ ಬರೆಯುವುದಿಲ್ಲ. ಫೋನಿನಲ್ಲಿ ನಾವೇ ತೆಗೆದುಕೊಳ್ಳಬೇಕು.

ಅಕ್ಕ ಹೆಣೆದ ಸ್ವೆಟರ್ ಕೊಡಲು ಅವಳ ಮಗಳ ಮನೆಗೆ ಹೋಗಿದ್ದೆ. ಅವಳು ಬಾಲ್ಕನಿಯಲ್ಲಿ ಯಾರ ಜೊತೆಗೋ ಮಾತಾಡುತ್ತಿದ್ದಳು. ಮೇಜಿನ ಮೇಲೆ ಆಡಿಟ್ಟಿನ ಫೋನು. ನನ್ನ ಕೈ ಸುಮ್ಮನಿರುವ ಜಾತಿಯದ್ದಲ್ಲ.

'ಸರದಿ ಬೇಕು' — ದೊಡ್ಡ ಹಸಿರು ಬಟನ್. ಒತ್ತಿದೆ. ರೈಟ್ ಗುರುತು ಬಂತು. ಇಷ್ಟೇನಾ ಅಂತ ಮೀಸೆ ತಿರುವಿದೆ. ಹಿಂದೆ ಹೋಗಿ ನೋಡಿದರೆ ಮೂಲೆಯಲ್ಲಿ ಸಣ್ಣಗೆ 'ಬಾಕಿ'. ಮತ್ತೆ ಒತ್ತಿದೆ. ಬಾಕಿ. ಮತ್ತೆ. ಬಾಕಿ. ನಾಲ್ಕನೇ ಸಲಕ್ಕೆ ಸಿಕ್ಕಿತು… ರೈಟ್ ಗುರುತಿನ ಕೆಳಗೆ, ಪರದೆಯ ತಳದಲ್ಲಿ, ಬೂದಿ ಬಣ್ಣದ ಒಂದು ಸಾಲು. 'ಹಾಜರಿ ಖಚಿತಪಡಿಸಿ.' ಔಷಧಿ ಡಬ್ಬಿಯ ಸಣ್ಣಕ್ಷರದ ಹಾಗೆ. ಅದು ಒತ್ತುವ ಬಟನ್ ಅಂತೆ! ಒತ್ತಿದ ಮೇಲೆ ತಿಳಿಯಿತು: ಹಿಂದಿನ ಸಂಜೆ ಆರರೊಳಗೆ ಅದನ್ನು ಒತ್ತದಿದ್ದರೆ ಸರದಿ ಇನ್ನೊಬ್ಬರ ಪಾಲು.

ಮೂರು ಸಲ ಸೋತೆ. ಇಲ್ಲಿ ಬರೆದೆ, ಬೇರೆಲ್ಲೂ ಬಾಯಿ ಬಿಡುವುದಿಲ್ಲ. ನಾಳೆ ಆಸ್ಪತ್ರೆಯ ಮ್ಯಾನೇಜರು ಗಾಜಿನಾಚೆ ನಿಂತು ನೋಡುತ್ತಾನಂತೆ. ಅವನೆದುರು ತಡವರಿಸುವುದೇ? ನಾನೇ? ಇನ್ನೂ ಆರು ಸಲ ಅಭ್ಯಾಸ ಮಾಡಿಯೇ ಎದ್ದೆ.

ಫೆಬ್ರುವರಿ 10, ಮಂಗಳವಾರ, ಸಂಜೆ

ಗೆದ್ದೆ. ನಾನೊಬ್ಬನೇ ಅಲ್ಲ, ಇಡೀ ಬೆಂಚು.

ಕೋಣೆಯ ಹೊರಗೆ ಬೆಂಚಿನಲ್ಲಿ ಐದು ಜನ ಕೂತಿದ್ದೆವು. ನಾನು, ರಿಟೈರಾದ ಪೋಸ್ಟ್‌ಮನ್, ಶಾಲೆಯ ಅಡುಗೆಯಾಕೆ, ಲಾರಿ ಡ್ರೈವರ್, ಕಿವಿ ಮಂದದ ಒಬ್ಬ ಅಜ್ಜಿ. ಅಕ್ಕನ ಮಗಳು ಬಂದು ಹೇಳಿದಳು — "ಇದು ನಿಮಗೆ ಪರೀಕ್ಷೆ ಅಲ್ಲ, ಸಾಫ್ಟ್‌ವೇರಿಗೆ ಪರೀಕ್ಷೆ. ನೀವು ತಪ್ಪಿದ್ರೆ ತಪ್ಪು ಅದರದ್ದು." ಎಲ್ಲರೂ ತಲೆಯಾಡಿಸಿದೆವು. ಒಬ್ಬರೂ ನಂಬಲಿಲ್ಲ. ಗಾಜಿನ ಕೋಣೆ, ಬರೆದುಕೊಳ್ಳುವವಳು, ಕೈಕಟ್ಟಿ ನಿಂತ ಸೂಟಿನವನು. ಇದು ಪರೀಕ್ಷೆ ಅಲ್ಲದಿದ್ದರೆ ಇನ್ಯಾವುದು ಪರೀಕ್ಷೆ?

ಅವಳು ಒಳಗೆ ಹೋದಳು. ಪೋಸ್ಟ್‌ಮನ್ ನನ್ನ ಕಡೆ ಬಾಗಿದ.

"ಬರಲಿಲ್ಲ ಅಂದ್ರೆ ನಗ್ತಾರೇನೋ."

"ನಾನಿರೋವಾಗ ಯಾರ್ರೀ ನಗೋದು? ಇಲ್ಲಿ ಬನ್ನಿ, ಹತ್ರ ಬನ್ನಿ."

ಪೇಪರಿನ ಅಂಚಿನಲ್ಲಿ ಚಿತ್ರ ಬರೆದು ತೋರಿಸಿದೆ. ಮೊದಲು ಹಸಿರು, ಆಮೇಲೆ ಕೆಳಗಿನ ಬೂದಿ ಗೆರೆ. ಅಜ್ಜಿಗೆ ಕೂಗಿ ಹೇಳುವ ಹಾಗಿಲ್ಲ, ಅಂಗೈ ಮೇಲೆ ಬೆರಳಿಟ್ಟು ಜಾಗ ತೋರಿಸಿದೆ. ಊರ ಶಾಲೆಯಲ್ಲಿ ಉತ್ತರ ಪಿಸುಗುಟ್ಟದವನನ್ನು ಗೆಳೆಯ ಅಂತ ಯಾರು ಕರೆಯುತ್ತಿದ್ದರು? ಮೇಷ್ಟ್ರ ಬೆನ್ನ ಹಿಂದೆ ನಾನು ದಾಟಿಸಿದ ಲೆಕ್ಕಗಳಿಂದ ಎಷ್ಟು ಜನ ಪಾಸಾದರು… ನಾನೇ ಆಗಲಿಲ್ಲ, ಅದು ಬೇರೆ ಮಾತು.

ಐದಕ್ಕೆ ಐದು. ಅಜ್ಜಿಯಂತೂ ಅರ್ಧ ನಿಮಿಷಕ್ಕೆ ಮುಗಿಸಿ "ಇಷ್ಟೇನಾ ಮಗ?" ಅಂದಳು. ಸೂಟಿನವನು ಹಲ್ಲು ಕಿರಿದ. ಅಕ್ಕನ ಮಗಳು ಮಾತ್ರ ಸ್ವಲ್ಪ ಹುಬ್ಬು ಗಂಟಿಕ್ಕಿ ಪುಸ್ತಕ ನೋಡುತ್ತಿದ್ದಳು. "ಆ ಬೂದಿ ಸಾಲು ಯಾರಿಗೂ ಕಾಣಲ್ಲ ಅಂದ್ಕೊಂಡಿದ್ದೆ ಮಾವ" ಅಂದಳು.

"ನಿಮ್ಮ ಕಾಲದವರಿಗೆ ಕಾಣಲ್ಲ" ಅಂದೆ.

ಫೆಬ್ರುವರಿ 13, ಶುಕ್ರವಾರ

ರಿಪೋರ್ಟು ಹೋಯಿತು. 'ಅಡೆತಡೆ ಇಲ್ಲ.' ಅಕ್ಕನೆದುರು ಇವತ್ತಿಗೆ ನಾಲ್ಕನೇ ಸಲ ಕಥೆ ಹೇಳಿದೆ. ಪಿಸುಗುಟ್ಟಿದ ಭಾಗ ಬಿಟ್ಟು.

ಮಾರ್ಚ್ 2, ಸೋಮವಾರ

ಆ್ಯಪು ಇವತ್ತಿನಿಂದ ಜಾರಿ. ಅಕ್ಕ ಕನ್ನಡಕ ಹಾಕಿಕೊಂಡು ಕಿಟಕಿ ಪಕ್ಕ ಕೂತಳು. ಕೊಡು ಇಲ್ಲಿ, ಒತ್ತಿ ಕೊಡ್ತೀನಿ ಅಂದೆ.

"ಬೇಡ. ನನ್ನ ಮಗಳು ಪಾಸ್ ಮಾಡಿರೋ ಆ್ಯಪು. ಏಳನೇ ಕ್ಲಾಸಲ್ಲಿ ಎರಡು ವರ್ಷ ಕೂತವನಿಗೇ ಬಂತಂತೆ. ನನಗೆ ಬರಲ್ವಾ?"

ಚುಚ್ಚಿತು. "ಹಾಗಾದ್ರೆ ನೀನೇ ಹುಡುಕ್ಕೋ, ಜಾಣೆ" ಅಂತ ಪೇಪರ್ ಎತ್ತಿಕೊಂಡೆ. ಐದು ನಿಮಿಷಕ್ಕೆ ಫೋನ್ ಕೆಳಗಿಟ್ಟಳು.

"ಆಯ್ತಾ?"

"ರೈಟ್ ಗುರುತು ಬಂತಪ್ಪ. ನಿನಗಿಂತ ಬೇಗ."

ತಿರುಗಿ ನೋಡಲಿಲ್ಲ. ನೋಡಿದರೆ ಸೋತ ಹಾಗಲ್ಲವೇ.

ಮಾರ್ಚ್ 3, ಮಂಗಳವಾರ, ಸಂಜೆ

ಅಕ್ಕ ಆಸ್ಪತ್ರೆಯ ವ್ಯಾನಿನಲ್ಲಿ ಹೋಗಿ ವ್ಯಾನಿನಲ್ಲೇ ಬಂದಳು. ತೋಳಿಗೆ ಹತ್ತಿ, ಪಟ್ಟಿ. ಹೇಗಾಯ್ತು ಅಂದೆ. ಆಯ್ತು ಅಂದಳು. ಒಂದೇ ಮಾತು. ಯಾವಾಗಲೂ ವಾರ್ಡಿನ ಅರ್ಧ ಗಂಟೆ ಸುದ್ದಿ ತರುವವಳು.

ಮಾರ್ಚ್ 6, ಶುಕ್ರವಾರ

ಚಪ್ಪಲಿ ಬಿಗಿಯಾಗಿದೆ ಅಂದಳು. ತೊಗಲು ಕುಗ್ಗಿದೆ ಅಂದೆ. ದಬ್ಬಳ ತೆಗೆದು ಪಟ್ಟಿ ಎರಡು ತೂತು ಸಡಿಲ ಮಾಡಿ ಕೊಟ್ಟೆ. "ನಿನ್ನ ಕೈಯಲ್ಲಿ ಇನ್ನೂ ವಿದ್ಯೆ ಇದೆ ಕಣೋ" ಅಂದಳು. ಉಬ್ಬಿಹೋದೆ. ಅವಳ ಕಾಲು ನೋಡಲಿಲ್ಲ. ಚಪ್ಪಲಿಯನ್ನೇ ನೋಡಿದೆ.

ಮಾರ್ಚ್ 8, ಭಾನುವಾರ, ಬೆಳಿಗ್ಗೆ 11

ಆಸ್ಪತ್ರೆಯ ಕಾರಿಡಾರು. ಗೋಡೆಗೆ ಪುಸ್ತಕ ಒತ್ತಿ ಬರೆಯುತ್ತಿದ್ದೇನೆ, ಅಕ್ಷರ ಕ್ಷಮಿಸು — ಯಾರಿಗೆ ಹೇಳುತ್ತಿದ್ದೇನೆ?

ಬೆಳಿಗ್ಗೆ ಏಳಕ್ಕೆ ಎದ್ದು ಕೂತಳು. ಮಲಗಿದರೆ ಉಸಿರು ಬರುವುದಿಲ್ಲ. ತುಟಿ ನೀಲಿ. ಆಂಬುಲೆನ್ಸಿಗೆ ಫೋನ್ ಮಾಡಿ ಟವೆಲ್ ತರಲು ಬಚ್ಚಲಿಗೆ ಓಡಿದೆ. ಕಸದ ಬುಟ್ಟಿಯಲ್ಲಿ ಅವಳ ತೋಳಿನ ಹತ್ತಿ. ಮೂರು ಉಂಡೆ. ಮೂರೂ ಬೆಳ್ಳಗೆ. ರಕ್ತದ ಒಂದು ಚುಕ್ಕೆಯೂ ಇಲ್ಲ.

ಸೂಜಿಯೇ ಚುಚ್ಚಿಲ್ಲ. ಮೂರು ದಿನವೂ. ತಾನೇ ಪಟ್ಟಿ ಅಂಟಿಸಿಕೊಂಡು ಬಂದಿದ್ದಾಳೆ.

ಮಾರ್ಚ್ 9, ಸೋಮವಾರ

ಬದುಕಿದ್ದಾಳೆ. ಮಷೀನಿಗೆ ಎರಡು ಸಲ ಹಾಕಿದರು. ಹೃದಯಕ್ಕೆ ಪೆಟ್ಟು ಬಿದ್ದಿದೆ, ಅದು ವಾಪಸ್ ಬರುವಂಥದ್ದಲ್ಲ ಅಂದರು ಡಾಕ್ಟರು.

ನರ್ಸಮ್ಮ ಹೇಳಿದಳು: "ಮೂರು ದಿನಾನೂ ಬಂದಿದ್ರು. ಖಚಿತ ಮಾಡಿಲ್ಲಮ್ಮ, ಬೇರೆಯವರು ಕೂತಾಯ್ತು ಅಂದೆ. ಯಾರಾದ್ರೂ ಬರದಿದ್ರೆ ಕೂರಿಸ್ತೀನಿ ಅಂದೆ. ಬಾಗಿಲ ಹತ್ರಾನೇ ಸಂಜೆವರೆಗೆ ಕಾದ್ರು. ಮನೇಲಿ ಯಾರಿಗಾದ್ರೂ ತೋರಿಸಿ ಅಂದ್ರೆ, ತೋರಿಸ್ತೀನಿ ತೋರಿಸ್ತೀನಿ ಅಂತಿದ್ರು. ದಿನಕ್ಕೆ ಮೂರು ನಾಲ್ಕು ಜನ ಹೀಗೇ ಆಗ್ತಿದೆ."

ಅಕ್ಕನ ಮೂಗಿಗೆ ಆಕ್ಸಿಜನ್. ಯಾಕೆ ಹೇಳಲಿಲ್ಲ ಅಂತ ಕೇಳಿದೆ.

"ಐದಕ್ಕೆ ಐದು ಜನ ಮಾಡಿದ್ರಂತೆ. ಕಿವುಡಿ ಅಜ್ಜಿ ಮಾಡಿದ್ಲಂತೆ. ನನಗೊಬ್ಬಳಿಗೇ ಬರಲಿಲ್ಲ ಅಂತ ಹೇಗೋ ಹೇಳ್ಲಿ? ಅವಳು ಮಾಡಿರೋ ಕೆಲಸ. ನಾಳೆ ಬರುತ್ತೆ, ನಾಳೆ ಬರುತ್ತೆ ಅಂತ…"

ಅವಳ ಕಾಲು ಒತ್ತಿದೆ. ಬೆರಳು ಇಟ್ಟಲ್ಲಿ ಗುಂಡಿ. ಮೇಲೆ ಬರಲೇ ಇಲ್ಲ.

ಮಾರ್ಚ್ 11, ಬುಧವಾರ

ಕ್ಯಾಂಟೀನು. ಅಕ್ಕನ ಮಗಳು ಲ್ಯಾಪ್‌ಟಾಪ್ ತೆರೆದು ಅವತ್ತಿನ ವಿಡಿಯೋ ನೋಡುತ್ತಿದ್ದಳು. ಎಷ್ಟನೇ ಸಲವೋ.

"ಯಾರ ಕೈಯೂ ಹುಡುಕಿಲ್ಲ ಮಾವ. ಬೆರಳು ನೇರವಾಗಿ ಹೋಗಿದೆ. ಐದೂ ಜನರದ್ದೂ. ಅವತ್ತೇ ಅನುಮಾನ ಬಂದಿತ್ತು. ಮ್ಯಾನೇಜರ್ ಖುಷಿಯಾಗಿದ್ರು ಅಂತ ಸುಮ್ಮನಾದೆ. ನನ್ನ ಕೈಯಾರೆ ಸಲೀಸು ಅಂತ ಬರೆದೆ. ಅಮ್ಮನ್ನ ನಾನೇ…"

ಸುಮ್ಮನಿರಬಹುದಿತ್ತು. ಯಾರಿಗೂ ಗೊತ್ತಾಗುತ್ತಿರಲಿಲ್ಲ. ಕೊನೆಗೆ ಹೇಳಿದೆ. ಮೇಜಿನ ಮೇಲಿದ್ದ ಫೋನು, ಮೂರು ಸಲ ಸೋತದ್ದು, ಬೆಂಚು, ಅಜ್ಜಿಯ ಅಂಗೈ. ಎಲ್ಲ.

ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಲ್ಯಾಪ್‌ಟಾಪ್ ಮುಚ್ಚಿದಳು.

"ಮಾವ, ನಿಮ್ಮನ್ನ ಕರೆದದ್ದೇ ನಿಮಗೆ ಬರಲ್ಲ ಅಂತ. ಅದೊಂದೇ ಬೇಕಾಗಿತ್ತು ನನಗೆ ನಿಮ್ಮಿಂದ."

ಟೀ ತಣ್ಣಗಾಗಿ ಕೆನೆ ಕಟ್ಟಿತ್ತು. ಎದ್ದು ಹೋದಳು. ಅರವತ್ತೆರಡು ವರ್ಷದಲ್ಲಿ ನನಗೆ ಬರದೇ ಇರುವುದು ಬೇಕು ಅಂತ ಕರೆದವಳು ಅವಳೊಬ್ಬಳೇ. ಅದನ್ನೂ ಬರುತ್ತೆ ಅಂತ ತೋರಿಸಹೋದೆ.

ಮಾರ್ಚ್ 17, ಮಂಗಳವಾರ

ಅಕ್ಕ ಮನೆಗೆ ಬಂದಳು. ಸರದಿ ಈಗ ನಾನೇ ಒತ್ತುತ್ತೇನೆ.

ಮಗಳು ಆಸ್ಪತ್ರೆಗೆ ಬರೆದಿದ್ದಳು: ನನ್ನ ರಿಪೋರ್ಟು ತಪ್ಪು, ಆ ಸಾಲನ್ನು ದೊಡ್ಡದು ಮಾಡಿ, ಆಡಿಟ್ ಮತ್ತೆ ಮಾಡಿಕೊಡುತ್ತೇನೆ ಅಂತ. ಇವತ್ತು ಉತ್ತರ. ಸೂಟಿನವನದ್ದು, ಎರಡು ಸಾಲು. ಐವರೂ ಪಾಸಾದ ದಾಖಲೆಗೆ ನಿಮ್ಮದೇ ಸಹಿ ಇದೆ. ಬದಲಾವಣೆಯನ್ನು ಮುಂದಿನ ವರ್ಷದ ಆವೃತ್ತಿಯಲ್ಲಿ ಪರಿಶೀಲಿಸಲಾಗುವುದು. ಮತ್ತೆ ಆಡಿಟ್ ಮಾಡಲು ಬೇರೆಯವರು ಇದ್ದಾರಂತೆ. ಇದನ್ನು ಅವಳೇ ಓದಿ ಹೇಳಿದಳು, ಗೋಡೆಗೆ ಮುಖ ಮಾಡಿ.

ಮಾರ್ಚ್ 21, ಶನಿವಾರ

ವಾರ್ಡಿನ ಬಾಗಿಲಿಗೆ ಕಾಗದ ಅಂಟಿಸಿದೆ. ಕೆಂಪು ಸ್ಕೆಚ್ ಪೆನ್ನು, ಬಾಣದ ಗುರುತು: 'ಕೆಳಗಿನ ಬೂದಿ ಸಾಲನ್ನೂ ಒತ್ತಿ, ಇಲ್ಲವಾದರೆ ಸರದಿ ಹೋಗುತ್ತದೆ.' ವಾಚ್‌ಮನ್ ಕಿತ್ತ. ಮತ್ತೆ ಅಂಟಿಸಿದೆ. ಮತ್ತೆ ಕಿತ್ತ. "ಯಜಮಾನ್ರೇ, ಗೋಡೆ ಹಾಳಾಗುತ್ತೆ, ನನ್ನ ಕೆಲಸ ಹೋಗುತ್ತೆ" ಅಂದ. ಮೂರನೆಯದನ್ನು ನನ್ನ ಅಂಗಿಯ ಬೆನ್ನಿಗೇ ಪಿನ್ ಮಾಡಿಕೊಂಡು ವಾರ್ಡಿನ ತುಂಬ ಓಡಾಡಿದೆ. ಎಲ್ಲರೂ ನಕ್ಕರು. ಎಷ್ಟು ಜನ ಓದಿದರೋ ಗೊತ್ತಿಲ್ಲ. ಅಕ್ಕ ಮಷೀನಿನ ಕುರ್ಚಿಯಿಂದ ನೋಡಿ ನಗಲು ಹೋಗಿ ಕೆಮ್ಮಿದಳು.

ನಾಲ್ಕು ಗಂಟೆ ನಡೆಯಬೇಕಾದ ಡಯಾಲಿಸಿಸನ್ನು ಎರಡೂವರೆ ಗಂಟೆಯಲ್ಲೇ ನಿಲ್ಲಿಸಿದರು. ಬಿಪಿ ಬಿದ್ದುಹೋಯಿತು. ಹೃದಯ ತಡೆಯುತ್ತಿಲ್ಲ.

ಏಪ್ರಿಲ್ 2, ಗುರುವಾರ

ಇವತ್ತು ಮಷೀನು ಒಂದೇ ಗಂಟೆ. ವ್ಯಾನಿನಿಂದ ಇಬ್ಬರು ಹಿಡಿದು ಇಳಿಸಿದೆವು. ಮೆಟ್ಟಿಲಿಗೆ ಕೆಳಮನೆಯ ದರ್ಜಿಯೂ ಕೈ ಕೊಟ್ಟ. ಪುಣ್ಯಾತ್ಮ, ಏನೂ ಕೇಳಲಿಲ್ಲ.

ಏಪ್ರಿಲ್ 5, ಭಾನುವಾರ

ಮಗಳು ಬಂದಿದ್ದಳು. ತಾಯಿ ಮಗಳು ಬಾಗಿಲು ಮುಂದೆ ಮಾಡಿಕೊಂಡು ಒಂದು ಗಂಟೆ. ಹೊರಗೆ ಬಂದಾಗ ಅವಳ ಕಣ್ಣು ಊದಿತ್ತು. "ನಾಳೆ ಅಮ್ಮ ನಿಮ್ಮ ಹತ್ರ ಮಾತಾಡ್ತಾಳೆ" ಅಂದಳು. ಚಪ್ಪಲಿ ಮೆಟ್ಟಿಕೊಳ್ಳುವಾಗ ನನ್ನ ಭುಜ ಹಿಡಿದುಕೊಂಡಳು. ಮಾರ್ಚ್ ಹನ್ನೊಂದರ ಮೇಲೆ ಮೊದಲ ಸಲ ಮುಟ್ಟಿದ್ದು.

ಏಪ್ರಿಲ್ 6, ಸೋಮವಾರ, ಸಂಜೆ 5.40

ಎಡಗೈಯಲ್ಲಿ ಅಕ್ಕನ ಫೋನು, ಬಲಗೈಯಲ್ಲಿ ಪೆನ್ನು. ಹಸಿರು ಒತ್ತಿಯಾಗಿದೆ. ರೈಟ್ ಗುರುತು ಬಂದಿದೆ. ಕೆಳಗಿನದ್ದು ಉಳಿದಿದೆ.

"ಅದನ್ನ ಒತ್ತಬೇಡ ಕಣೋ" ಅಂದಳು.

"ಒಂದಿನ ರಜಾನಾ ಅಕ್ಕ?"

"ಒಂದಿನ ಅಲ್ಲ."

ನಾನು ಮಾಡಿದ್ದಕ್ಕಾ ಅಂತ ಕೇಳಿದೆ. ಅವಳಿಗೆ ಎಲ್ಲ ಗೊತ್ತು, ಮಗಳು ಹೇಳಿದ್ದಾಳೆ.

"ನಿನ್ನ ಮೇಲೆ ಸಿಟ್ಟು ಇತ್ತು. ಬೇಕಾದಷ್ಟಿತ್ತು. ಈಗ ಅದಕ್ಕೂ ಶಕ್ತಿ ಇಲ್ಲ. ಆ ಕುರ್ಚೀಲಿ ಕೂತು ತಣ್ಣಗಾಗೋದು ಸಾಕು. ಡಾಕ್ಟರ್ ಹತ್ರಾನೂ ಹೇಳಿದೀನಿ."

5.49. ಸ್ವಲ್ಪ ಯೋಚನೆ ಮಾಡು, ಒತ್ತಿರ್ತೀನಿ, ಬೇಡ ಅಂದ್ರೆ ಬೆಳಿಗ್ಗೆ ಹೋಗೋದು ಬೇಡ ಅಂದೆ.

"ಒತ್ತಿದ್ರೆ ಹೋಗ್ಬೇಕು ಅನ್ಸುತ್ತೆ. ನಿನಗೋಸ್ಕರ, ಅವಳಿಗೋಸ್ಕರ. ಮೂರು ದಿನ ನನಗೆ ಗೊತ್ತಾಗದೆ ತಪ್ಪಿತು. ಇವತ್ತು ಗೊತ್ತಿದ್ದೇ ಬಿಡ್ತಿದೀನಿ. ನಾನು ಹೇಳ್ತಿರೋದು ಇದು."

5.55. ನನ್ನ ಫೋನಿನಿಂದ ಅವಳ ಮಗಳಿಗೆ ಕರೆ ಮಾಡಿ ಸ್ಪೀಕರಿಗೆ ಹಾಕಿದೆ. ಅಮ್ಮ ಹೇಳಿದ ಹಾಗೆ ಮಾಡಿ ಮಾವ ಅಂದಳು. ಫೋನ್ ಇಡಲಿಲ್ಲ. ಅವಳ ಉಸಿರು ಕೇಳಿಸುತ್ತಿದೆ.

5.57. ಅಕ್ಕ ಫೋನನ್ನು ನೋಡುತ್ತಿಲ್ಲ. ನನ್ನ ಮುಖ ನೋಡುತ್ತಿದ್ದಾಳೆ.

5.58. ಹೆಬ್ಬೆರಳು ಅದರ ಮೇಲೇ ಇದೆ. ಒತ್ತಿಲ್ಲ. ತೆಗೆಯಲೂ ಆಗುತ್ತಿಲ್ಲ.