ಮೆಟ್ಟಿಲ ಕೆಳಗೆ ಹಾಡಿದ್ದು

ಬ್ಲಾಂಚರ್ಡ್ಸ್‌ಟೌನ್, ಡಬ್ಲಿನ್
ನವೆಂಬರ್ ೨೨, ೨೦೨೦

ಪ್ರಸಾದಣ್ಣನಿಗೆ,

ತಂಗಿ ಸುಗಂಧಿ ಮಾಡುವ ನಮಸ್ಕಾರ. ಇಲ್ಲಿ ನಾನೂ ಇವರೂ ಚೆನ್ನಾಗಿದ್ದೇವೆ. ಕೆಮ್ಮಿಲ್ಲ, ಜ್ವರವಿಲ್ಲ. ಲಿಮೆರಿಕ್‌ನ ನಿಮ್ಮ ಮನೆಯಿಂದ ಹೊರಟು ಬಂದವಳು ಒಂದು ಮೆಸೇಜ್ ಕೂಡ ಹಾಕಲಿಲ್ಲ ಎಂದು ನೀನು ಇವರ ಹತ್ತಿರ ದೂರಿದೆಯಂತೆ. ತಡವಾದದ್ದಕ್ಕೆ ಕ್ಷಮಿಸು. ಸಿಟ್ಟಿನಲ್ಲಿ ಬರೆದರೆ ನನ್ನ ಅಕ್ಷರ ಕೆಡುತ್ತದೆ. ಸಿಟ್ಟು ಇಳಿಯಲಿ ಎಂದು ಕಾದೆ. ಇಳಿಯಲಿಲ್ಲ. ಅಕ್ಷರ ಕೆಟ್ಟರೆ ಕೆಡಲಿ ಎಂದು ಕುಳಿತಿದ್ದೇನೆ.

ಫೋನ್ ಮಾಡಬಹುದಿತ್ತಲ್ಲ ಎನ್ನುತ್ತೀ. ಫೋನಿನಲ್ಲಿ ನಾನು ಒಂದು ಮಾತು ಹುಡುಕುವಷ್ಟರಲ್ಲಿ ನೀನು ನಾಲ್ಕು ಆಡಿ ಮುಗಿಸಿರುತ್ತೀ. ಏಳನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ಕಾಗದವೇ ಸುಲಭ. ಕಾಗದವನ್ನು ನಡುವೆ ತಡೆದು "ಆಯ್ತು ಆಯ್ತು, ಬಿಡು ಮಾರಾಯ್ತಿ" ಎನ್ನಲು ನಿನಗೆ ಆಗುವುದಿಲ್ಲ.

ಏಪ್ರಿಲ್‌ನಲ್ಲಿ ನನ್ನನ್ನು ಕರೆದವನು ನೀನು. ಲಾಕ್‌ಡೌನ್ ಎಂದು, ನಿನ್ನ ಮಗಳನ್ನು ಹಗಲು ಬಿಡುತ್ತಿದ್ದ ಕ್ರೆಶ್ ಮುಚ್ಚಿತ್ತು. ನರ್ಸ್ ಆದ ವಿನೋದತ್ತಿಗೆಗೆ ಆಸ್ಪತ್ರೆಯಲ್ಲಿ ರಜೆ ಸಿಗುತ್ತಿರಲಿಲ್ಲ. ನೀನು ವಾರವಿಡೀ ದೂರದ ಲಿಟಲ್ ಐಲ್ಯಾಂಡಿನಲ್ಲಿ, ನಿನ್ನ ಫ್ಯಾಕ್ಟರಿಯ ಹತ್ತಿರ, ಗೆಳೆಯ ಶ್ರೀಕಂಠನ ರೂಮಿನಲ್ಲಿ; ಶನಿವಾರ ಭಾನುವಾರ ಮಾತ್ರ ಮನೆಗೆ. "ಆರ್ಯಾನ ನೋಡ್ಕೊಳ್ಳೋಕೆ ಯಾರೂ ಇಲ್ಲ ಕಣೇ" ಎಂದೆ. ಇವರನ್ನು ಇಲ್ಲಿ ಕ್ಯಾಂಟೀನಿನ ಅಡುಗೆ ಕೆಲಸಕ್ಕೆ ಬಿಟ್ಟು ಬಂದೆ. ಅದನ್ನು ಎತ್ತಿ ಆಡುತ್ತಿಲ್ಲ. ಆರ್ಯಾಳ ಜೊತೆ ಇದ್ದದ್ದು ನನಗೆ ಸಂತೋಷವೇ.

ಹಾಡಿನ ಮಾತು ತೆಗೆದವನೂ ನೀನೇ. ರಾಜ್ಯೋತ್ಸವಕ್ಕೆ ಕನ್ನಡ ಸಂಘದವರು ಝೂಮ್‌ನಲ್ಲಿ ಕಾರ್ಯಕ್ರಮ ಮಾಡುತ್ತಾರೆ, ಅಮ್ಮನ ತೊಟ್ಟಿಲ ಹಾಡಿಗೆ ಗಿಟಾರ್ ಸೇರಿಸಿ ಕೊಡುತ್ತೇನೆ ಎಂದೆ. ಅಮ್ಮ ತೊಟ್ಟಿಲ ಹಗ್ಗವನ್ನು ಕಾಲ ಹೆಬ್ಬೆರಳಿಗೆ ಸಿಕ್ಕಿಸಿಕೊಂಡು, ಮೊರದಲ್ಲಿ ಬೀಡಿ ಕಟ್ಟುತ್ತ ಹಾಡುತ್ತಿದ್ದದ್ದು ಅದು. ನಿನಗೆ ಮೊದಲ ಸಾಲು ಬಿಟ್ಟರೆ ನೆನಪಿರಲಿಲ್ಲ. ನನಗೆ ಪೂರ್ತಿ ಬರುತ್ತಿತ್ತು. ಮೂರನೇ ನುಡಿಯಲ್ಲಿ, ಉಸಿರು ತೆಗೆಯಬಾರದ ಕಡೆ ತೆಗೆಯುತ್ತೇನೆ ಎಂದು ಚಿಕ್ಕಂದಿನಲ್ಲಿ ಅಮ್ಮನ ಕೈಲಿ ಬೈಸಿಕೊಳ್ಳುತ್ತಿದ್ದೆ. ಆ ಚಾಳಿ ಇವತ್ತಿಗೂ ಹೋಗಿಲ್ಲ.

ಹೊಸಬರ ಮುಂದೆ ನನ್ನ ಹೆಸರು ಹೇಳುವುದಕ್ಕೂ ನನಗೆ ಬಾಯಿ ಬರುವುದಿಲ್ಲ, ಅದು ನಿನಗೆ ಗೊತ್ತು. "ಮುಖ ಯಾರಿಗೆ ಬೇಕು? ದನಿ ಕೊಡು ಸಾಕು. ಆರ್ಯಾ ಬರೆದ ತೊಟ್ಟಿಲಿನ ಚಿತ್ರ ಹಾಕ್ತೀನಿ" ಎಂದು ಒಪ್ಪಿಸಿದೆ. ಮೆಟ್ಟಿಲ ಕೆಳಗಿನ ಗೂಡಿನಲ್ಲಿ, ಕೋಟುಗಳ ನಡುವೆ, ಕಸ ಎಳೆಯುವ ಹೂವರ್ ಮೆಷಿನ್ ಪಕ್ಕ ಕೂರಿಸಿ ಮೈಕ್ ಕೊಟ್ಟೆ. ಪಕ್ಕದ ಮನೆಯ ನಾಯಿ ಬೊಗಳಿದಾಗಲೆಲ್ಲ ಮೊದಲಿನಿಂದ ಹಾಡಿಸಿದೆ. ಕೊನೆಗೊಂದು ಭಾನುವಾರ ಹೆಡ್‌ಫೋನ್ ತೆಗೆದಿಟ್ಟು, "ಇದು ಸಾಕು. ಅಮ್ಮನೇ ಹಾಡಿದ ಹಾಗೈತೆ" ಎಂದೆ.

ಆ ಮಾತನ್ನು ನಾನು ಕೂಡಲೇ ಅಮ್ಮನಿಗೆ ಫೋನ್ ಮಾಡಿ ಹೇಳಿದೆ. "ಬಂದ ಕೂಡ್ಲೆ ಕಳ್ಸು ಮಗಾ, ಬೀಡಿ ಬ್ರಾಂಚಲ್ಲಿ ಎಲ್ಲರಿಗೂ ಕೇಳಿಸ್ಬೇಕು" ಅಂದಳು. ನೀನು ಎಂಜಿನಿಯರ್ ಆದದ್ದನ್ನು ಅಮ್ಮ, ಕಟ್ಟಿದ ಬೀಡಿ ಒಪ್ಪಿಸುವ ಆ ಬ್ರಾಂಚಿನಲ್ಲಿ ಹೇಳಿ ಹೇಳಿ ಸವೆಸಿದ್ದಾಳೆ. ನನ್ನದು ಅಂತ ಹೇಳಿಕೊಳ್ಳಲು ಅವಳಿಗೆ ಸಿಕ್ಕಿದ್ದು ಇದೊಂದೇ.

ಅಕ್ಟೋಬರ್ ಕೊನೆಯಲ್ಲಿ ನಿಮ್ಮ ಫ್ಯಾಕ್ಟರಿಯಲ್ಲಿ ಯಾರಿಗೋ ಪಾಸಿಟಿವ್ ಬಂದು ನೀನು ರೂಮಿನಲ್ಲೇ ಉಳಿದೆ. ಕಂಪ್ಯೂಟರ್ ಲಿಮೆರಿಕ್‌ನ ಮನೆಯಲ್ಲಿ, ನೀನು ಅಲ್ಲಿ. ನೀನೇ ನನಗೆ ಫೋನ್ ಮಾಡಿದೆ.

"ಡಿಸ್ಕಲ್ಲಿ ಜಾಗ ಇಲ್ಲ. ಹಾಡಿಗೆ ಬಳಸದ ಫೈಲ್‌ಗಳನ್ನ ತೆಗೀದೆ ಫೈನಲ್ ಸೇವ್ ಆಗಲ್ಲ. ನಾ ಹೇಳ್ದಂಗೆ ಒತ್ತು."

"ನಂಗೆ ಹೆದ್ರಿಕೆ ಆಗ್ತದೆ ಅಣ್ಣ. ಹಾಡೇ ಹೋದ್ರೆ?"

"ಹೋಗಲ್ಲ ಮಾರಾಯ್ತಿ! ಹಾಡೊಳಗೆ ಇರೋದನ್ನ ಅದು ಮುಟ್ಟಲ್ಲ. ಹಾಡಲ್ಲಿ ಇಲ್ಲದ್ದನ್ನ ಮಾತ್ರ ಪಟ್ಟಿ ಮಾಡಿ ತೋರಿಸ್ತದೆ. ಪಟ್ಟೀಲಿ ಬಂತು ಅಂದ್ರೆ ಕಸ."

ಪಟ್ಟಿ ಬಂತು. ಇಂಗ್ಲಿಷ್ ಓದಲು ನನಗೆ ಹೊತ್ತು ಬೇಕು. ಆದರೆ ನನ್ನ ಹೆಸರಿನ ಇಂಗ್ಲಿಷ್ ಅಕ್ಷರ ಗೊತ್ತು. ಸಾಲು ಸಾಲಾಗಿ ಅದೇ ಇತ್ತು.

"ಅಣ್ಣ, ಇದ್ರಲ್ಲೆಲ್ಲ ನನ್ನ ಹೆಸರೇ ಉಂಟಲ್ಲ?"

ನೀನು ಹೇಳಿದೆ: "ಅದು ತಪ್ಪು ಹಾಡಿದ್ದು. ನಾಯಿ ಬೊಗಳಿದ್ದು. ಎಲ್ಲ ಸೆಲೆಕ್ಟ್ ಮಾಡಿ ಡಿಲೀಟ್ ಒತ್ತು. ಆಮೇಲೆ ರಿಸೈಕಲ್ ಬಿನ್ನೂ ಖಾಲಿ ಮಾಡು."

ಒತ್ತಿದೆ. "ಗ್ರ್ಯಾಂಡ್" ಎಂದೆ ನೀನು, ಇಲ್ಲಿಯವರು "ಸರಿ" ಎನ್ನುವ ಹಾಗೆ.

ರಾಜ್ಯೋತ್ಸವದ ದಿನ ಅತ್ತಿಗೆ, ಆರ್ಯಾ, ನಾನು ಲ್ಯಾಪ್‌ಟಾಪಿನ ಮುಂದೆ ಕುಳಿತೆವು. ನಾನು ಒಳ್ಳೆಯ ಸೀರೆ ಉಟ್ಟಿದ್ದೆ, ಯಾಕೋ. ಹಾಡು ಶುರುವಾಯಿತು. ತೊಟ್ಟಿಲಿನ ಚಿತ್ರ ಬರಲಿಲ್ಲ. ಡಬ್ಲಿನ್‌ನಲ್ಲಿ ಸಂಗೀತದ ಕ್ಲಾಸ್ ನಡೆಸುವ ಸೋನಲ್ ವಿಡಿಯೋದಲ್ಲಿ ಬಂದಳು, ಕಣ್ಣು ಮುಚ್ಚಿಕೊಂಡು ಹಾಡಿದಳು. ಮುಂದಿನ ನುಡಿ ನನ್ನದಿರಬಹುದು ಎಂದು ಕಾದೆ. ಹಾಡೇ ಮುಗಿಯಿತು. ಆರ್ಯಾ ಮೈಕ್ ಮುಚ್ಚದೆಯೇ ಕೇಳಿಬಿಟ್ಟಳು: "ಅತ್ತೆ, ವೇರ್ ಆರ್ ಯೂ ಇನ್ ಇಟ್?"

ಎಲ್ಲರಿಗೂ ಕೇಳಿಸಿತು. ನೀನು ಅಲ್ಲಿಂದ ನಕ್ಕೆ. "ನನ್ನ ತಂಗಿ ಹಾಡಿದ್ಳು. ಕ್ಲೀನ್ ಮಾಡು ಅಂದ್ರೆ ತನ್ನ ದನೀನೇ ಡಿಲೀಟ್ ಮಾಡಿ ಕೂತ್ಳು! ಮೊದ್ಲು ಕಾಪಿ ಇಟ್ಕೋ ಅಂತ ಬಡ್ಕೊಂಡೆ. ಪುಣ್ಯಕ್ಕೆ ಆಮೇಲೆ ಸೋನಲ್ ಹಾಡಿ ಮಾನ ಉಳಿಸಿದ್ರು."

ಸಂಘದ ಸತ್ಯಪ್ರಕಾಶ್, "ಅವ್ರ ಕೈಗೆ ಕಂಪ್ಯೂಟರ್ ಕೊಟ್ಟಿದ್ದು ನಿಮ್ದೇ ತಪ್ಪು ಬಿಡಿ ಪ್ರಸಾದ್" ಎಂದರು. ಪರದೆಯ ಮೇಲಿನ ಚೌಕಗಳೆಲ್ಲ ನಕ್ಕವು. ನಾನೂ ನಕ್ಕೆ. ಅದನ್ನು ನೆನೆದರೆ ಈಗಲೂ ಮೈ ಉರಿಯುತ್ತದೆ. ಮರುದಿನ ನಿನಗೆ ಫೋನ್ ಮಾಡಿ ಸಾರಿ ಕೇಳಿದೆ. "ಹೋಗ್ಲಿ ಬಿಡು, ಕಲೀತೀಯ" ಎಂದು ದೊಡ್ಡ ಮನಸ್ಸು ಮಾಡಿ ಕ್ಷಮಿಸಿದೆ ನೀನು.

ಆಮೇಲೊಂದು ದಿನ ಬಟ್ಟೆ ಮಡಚುತ್ತ ಆ ಹಾಡನ್ನು ಮತ್ತೆ ಹಾಕಿಕೊಂಡೆ. ಮೂರನೇ ನುಡಿಯಲ್ಲಿ ಸೋನಲ್ ಉಸಿರು ತೆಗೆದಳು, ನಾನು ತೆಗೆಯುವ ಕಡೆಯೇ. ಅದನ್ನು ಅವಳಿಗೆ ಯಾವ ಸಂಗೀತದ ಮೇಷ್ಟ್ರೂ ಕಲಿಸಿರಲಾರರು. ನನ್ನ ಹಾಡು ಕೇಳಿ ಕಲಿತಿದ್ದಾಳೆ, ನನ್ನ ತಪ್ಪಿನ ಸಮೇತ. ನಾನು ಅಳಿಸಿದ ಮೇಲೆ ಅವಳು ಹಾಡಿದ್ದರೆ, ಏನನ್ನು ಕೇಳಿ ಕಲಿತಳು?

ಮಡಚಿದ ಬಟ್ಟೆ ಕೈಯಲ್ಲೇ ಉಳಿಯಿತು. ನಿನ್ನ ಮಾತು ನೆನಪಾಯಿತು. ಹಾಡೊಳಗೆ ಇರುವುದನ್ನು ಅದು ಮುಟ್ಟುವುದಿಲ್ಲ. ಪಟ್ಟಿಯಲ್ಲಿ ನನ್ನ ಹೆಸರೇ ತುಂಬಿತ್ತು. ಅಂದರೆ ನಾನು ಒತ್ತುವ ಮೊದಲೇ ನೀನು ಅವಳ ದನಿ ಸೇರಿಸಿ ನನ್ನನ್ನು ಹಾಡಿನಿಂದ ಹೊರಗೆ ಹಾಕಿದ್ದೆ. ಕಸ ಮಾಡಿದವನು ನೀನು. ಗುಡಿಸಿ ಎಸೆಯಲು ಮಾತ್ರ ನನ್ನ ಕೈ ಬೇಕಾಯಿತು. ಕಾಪಿ ಇಟ್ಟುಕೋ ಎಂದು ನೀನು ಹೇಳಿರಲೂ ಇಲ್ಲ. ಕಾಪಿ ಉಳಿಯುವುದು ನಿನಗೆ ಬೇಡವಾಗಿತ್ತು.

"ನಿನ್ನದು ಹಳ್ಳಿ ದನಿ, ಸಂಘಕ್ಕೆ ಹೊಂದುವುದಿಲ್ಲ" ಎಂದು ನೀನು ಹೇಳಿದ್ದರೆ ನಾನು ಒಂದು ದಿನ ಅತ್ತು, ಮರುದಿನ ಎದ್ದು ಪಲ್ಯಕ್ಕೆ ತರಕಾರಿ ಹೆಚ್ಚುತ್ತಿದ್ದೆ. ಅಷ್ಟು ಹೇಳುವ ಧೈರ್ಯ ನಿನಗಿರಲಿಲ್ಲ. ನಾಚಿಕೆ ಸ್ವಭಾವದವಳು ನಾನು, ಹೇಡಿ ನೀನು.

ಇವರು ಕಾರಿನಲ್ಲಿ ನನ್ನನ್ನು ಕರೆದುಕೊಂಡು ಬರುವಾಗ ದಾರಿಯಲ್ಲಿ ಗಾರ್ಡಾ ಪೊಲೀಸಿನವನು ತಡೆದು ಎಲ್ಲಿಗೆಂದು ಕೇಳಿದ. "ಹೋಮ್" ಅಂದೆ. ಇವರು ಆಶ್ಚರ್ಯದಿಂದ ನನ್ನ ಮುಖ ನೋಡಿದರು, ಅಷ್ಟು ಗಟ್ಟಿಯಾಗಿ ಹೇಳಿದ್ದೆ. "ಅಣ್ಣ ತಾನೆ, ಬಿಟ್ಬಿಡು" ಎನ್ನುತ್ತಾರೆ ಇವರು. ಬಿಡುವುದಿಲ್ಲ.

ಕ್ರಿಸ್‌ಮಸ್ ರಜೆಗೆ ನಾವು ಬರುವುದಿಲ್ಲ. ಅತ್ತಿಗೆ ಕೇಳಿದರೆ ಲಾಕ್‌ಡೌನ್ ಕಾರಣ ಎನ್ನು. ಸುಳ್ಳು ಹೇಳಲು ನಿನಗೆ ಯಾರೂ ಕಲಿಸಬೇಕಾಗಿಲ್ಲ. ಆರ್ಯಾಳ ಕೆಂಪು ಸ್ವೆಟರಿನ ತೋಳು ಹೊಲಿದಿಟ್ಟಿದ್ದೇನೆ, ಪೋಸ್ಟ್ ಮಾಡುತ್ತೇನೆ.

ತಂಗಿ ಅಣ್ಣನಿಗೆ ಆಶೀರ್ವಾದ ಮಾಡುವ ಹಾಗಿಲ್ಲ. ಹಾಗಿದ್ದರೂ ಈಗ ಮನಸ್ಸಿಲ್ಲ. ಆರ್ಯಾಳಿಗೆ ಒಳ್ಳೆಯದಾಗಲಿ, ಚೆನ್ನಾಗಿ ಹಾಡುವ ಹುಡುಗಿಯಾಗಲಿ. ಅವಳು ಹಾಡಿದ್ದನ್ನಾದರೂ ಇಟ್ಟುಕೋ.

ಸುಗಂಧಿ

ತಾ. ಕ.: ಊರಿಗೆ, ಅಮ್ಮನ ಜೊತೆಗಿರುವ ದೊಡ್ಡಕ್ಕನ ಫೋನಿಗೆ, ನೀನು ಬರಿಯ ಹಾಡು ಕಳಿಸಿದೆ, ಚಿತ್ರವಿಲ್ಲದೆ. ಹಾಡಿದ್ದು ಯಾರೆಂದು ಬರೆಯಲಿಲ್ಲ. ಅಮ್ಮ ಅದನ್ನು ದಿನಾ ಬ್ರಾಂಚಿನಲ್ಲಿ ಹಾಕಿಸುತ್ತಾಳೆ. ನಿನ್ನೆ ನನಗೆ ಫೋನ್ ಮಾಡಿ, "ಆ ಊರಿನ ಚಳಿಗೆ ನಿನ್ನ ದನಿ ತೆಳ್ಳಗಾಯ್ತಲ್ಲ ಮಗಾ, ಮೊದ್ಲು ಗುರ್ತೇ ಸಿಗ್ಲಿಲ್ಲ. ಮೂರನೇ ನುಡೀಲಿ ಆ ಹಾಳು ಉಸ್ರು ಬಂತು ನೋಡು, ಇದು ನನ್ನ ಮಗಳೇ ಅಂತ ಎಲ್ಲರಿಗೂ ಹೇಳ್ದೆ" ಅಂದಳು. ನಾನು, ಹೌದಮ್ಮ, ನಾನೇ ಅಂದೆ.