ಮೊದಲನೇ ಫಾರ್ಮಿನ ಸೊನ್ನೆ

12 ಜುಲೈ 1982, ಸೋಮವಾರ. ಇಳಕಲ್

ಮುಂಜಾನೆ ಲಿಂಗಪೂಜೆ, ಎರಡು ರೊಟ್ಟಿ, ಪುಂಡಿಪಲ್ಯ. ಎಂಟಕ್ಕೆ ರೆಡಿ. ರಿಟೈರ್ ಆದ ಹದಿನಾಲ್ಕು ತಿಂಗಳ ಮೇಲೆ ಮತ್ತೆ ಇಸ್ತ್ರಿ ಅಂಗಿ. ಮನೆಯಾಕಿ ಗುರುಲಿಂಗವ್ವ ಬಾಗಿಲಲ್ಲಿ ನಿಂತು ನೋಡಿದಳು. ಹಾಗೇ ಒಳಗೆ ಹೋದಳು. ಮೊದಲಾಗಿದ್ದರೆ 'ಮದುಮಗ ಹೊಂಟ' ಅಂತ ಒಂದು ಮಾತು ಬೀಳುತ್ತಿತ್ತು.

ಕೆಲಸ ಇಷ್ಟು. ಧಾರವಾಡದ ಕಡೆಯಿಂದ ಬರುವ ಮನೋರೋಗದ ಡಾಕ್ಟರು ಇಪ್ಪತ್ತು ಪ್ರಶ್ನೆಗಳ ಫಾರ್ಮ್ ತಂದಿದ್ದಾರೆ. ಮನಸ್ಸು ಕುಗ್ಗಿದವರನ್ನು ಅದು ಖರೆ ಹಿಡಿಯುತ್ತದೋ ಇಲ್ಲವೋ ನೋಡಬೇಕಂತೆ. ಮನೆಮನೆಗೆ ಹೋಗಿ ಕೇಳುವುದು, ಹೌದು-ಇಲ್ಲ ಗುರುತು ಹಾಕುವುದು. ಏಳು 'ಹೌದು' ಬಂದರೆ ಶನಿವಾರ ಹುನಗುಂದಕ್ಕೆ, ಡಾಕ್ಟರ ಹತ್ತಿರ. ಇಬ್ಬರೇ ನಾವು — ನಾನು, ಮತ್ತೆ ನರ್ಸ್ ಸುಗರಾ. ನೇಕಾರ ಓಣಿಯ ಅರ್ಧ ಮಕ್ಕಳು ಹುಟ್ಟಿದ್ದು ಆಕೆಯ ಕೈಯಲ್ಲಿ. ಉಳಿದರ್ಧಕ್ಕೆ ಮಗ್ಗಿ ಕಲಿಸಿದವನು ನಾನು. ಈಗ ಆಕೆಗೆ ರೋಜಾದ ಉಪವಾಸ, ಆದರೂ ನನಗಿಂತ ಜೋರು ನಡೆಯುತ್ತಾಳೆ.

ಪ್ರಶ್ನೆಗಳು ಬೆಂಗಳೂರು ಕನ್ನಡದಲ್ಲಿವೆ. 'ನೀವು ಖಿನ್ನರಾಗಿರುವಿರಾ?' ಮೂವತ್ತೆರಡು ವರ್ಷ ಮಾಸ್ತರಿಕೆ ಮಾಡಿದೆ, ಈ ಶಬ್ದ ಕರಿಹಲಗೆಯ ಮೇಲೆ ಒಮ್ಮೆಯೂ ಬರೆದಿಲ್ಲ. ಇದ್ದದ್ದು ಇದ್ದಂತೆ ಓದಬೇಕು ಅಂತ ಸೂಚನೆ. ನನಗೆ ಸರಿ ಅನ್ನಿಸಿತು. ಸುಗರಾ ನಕ್ಕಳು.

ಪ್ರಾಕ್ಟೀಸಿಗೆ ಮೊದಲು ನಮ್ಮಾಕಿಯನ್ನೇ ಎದುರಿಗೆ ಕೂಡಿಸಿ ಕೇಳಿದೆ. ಇಪ್ಪತ್ತಕ್ಕೂ 'ಇಲ್ಲ'. ಐದು ಮಿನಿಟಿನಲ್ಲಿ ಖಲಾಸ್. ಟೋಟಲ್ ಸೊನ್ನೆ! ಫಾರ್ಮ್ ಯಾಕೆ ಹಾಳು ಮಾಡಲಿ ಅಂತ ಅದಕ್ಕೇ 1 ಅಂತ ನಂಬರ್ ಹಾಕಿ ಫಾರ್ಮಿನ ಕಟ್ಟಿನಲ್ಲಿ ಸೇರಿಸಿದೆ. ಹೇಗೂ ಹೆಸರು ಬರೆಯುವುದಿಲ್ಲ, ನಂಬರ್ ಅಷ್ಟೇ. ಬೋಣಿ ಚಲೋ ಆಯಿತು.

14 ಜುಲೈ, ಬುಧವಾರ

ಹೊಳಬಸಪ್ಪನ ಮನೆ. ನಾಕನೇ ಇಯತ್ತೆಯಲ್ಲಿ ನನ್ನ ಕೈಯಲ್ಲಿ ಭಾಳ ಏಟು ತಿಂದವನು. ನನ್ನನ್ನು ಕಂಡೊಡನೆ ಮಗ್ಗದ ಕುಣಿಯಿಂದ ಮೇಲೆದ್ದು, ಅಂಗಿಯ ಗುಂಡಿ ಹಾಕಿ, ಕೈಕಟ್ಟಿ ನಿಂತ. ಕೂಡು ಅಂದರೂ ಕೂಡಲಿಲ್ಲ. ಹಸಿವು ಕಮ್ಮಿಯೇ — ಇಲ್ರಿ ಸರ್. ಬೇಗ ದಣಿಯುವಿರಾ — ಇಲ್ರಿ ಸರ್. ಖಿನ್ನತೆಯ ಪ್ರಶ್ನೆಗೆ ನನ್ನ ಮುಖ ನೋಡಿ, ಅದಕ್ಕೂ ಇಲ್ರಿ ಸರ್. ಎಷ್ಟು ಶಿಸ್ತು! ಹಿಂದಿನ ಸಾಲಿನ ಹುಡುಗ ಈಗ ಸುಧಾರಿಸಿದ್ದಾನೆ.

ಪಕ್ಕದ ಮನೆಯ ಮುದುಕಿ ಮತ್ತೆ ಖಾನೇಶುಮಾರಿ ಬಂತೇನು ಅಂತ ಕೇಳಿ, ಎಮ್ಮೆಯನ್ನೂ ಬರೆದುಕೋ ಅಂದಳು. ಇದು ಜನಗಣತಿ ಅಲ್ಲ ಅಂತ ತಿಳಿಸಿ ಹೇಳುವುದರಲ್ಲಿ ಅರ್ಧ ತಾಸು ಹೋಯಿತು.

17 ಜುಲೈ, ಶನಿವಾರ

ವಾರದ ಲೆಕ್ಕ. ನನ್ನವು ಮೂವತ್ತೊಂದು ಫಾರ್ಮ್. ಏಳು ಮುಟ್ಟಿದವರು ಒಬ್ಬರು. ಸುಗರಾಳವು ಇಪ್ಪತ್ತೆಂಟು, ಮುಟ್ಟಿದವರು ಹದಿಮೂರು! ಎರಡೂ ಒಂದೇ ಊರು, ಒಂದೇ ನೂಲು, ಒಂದೇ ನೀರು. ಆಕೆ ಹೇಗೆ ಕೇಳುತ್ತಾಳೆ ಅಂತ ನಿನ್ನೆ ನೋಡಿದ್ದೆ. ಕಂಡಿಕೆಗೆ ನೂಲು ಸುತ್ತುವ ಹೆಂಗಸರ ನಡುವೆ ಕೂತು, ಒಂದು ಕೂಸನ್ನು ತೊಡೆಗೆ ಹಾಕಿಕೊಂಡು, ತಾನೂ ರಾಟೆ ತಿರುವುತ್ತ. ಫಾರ್ಮ್ ಎಲ್ಲೋ ಚೀಲದಲ್ಲಿ. ಅದಕ್ಕೆ ಸರ್ವೆ ಅನ್ನುತ್ತಾರೆಯೇ? ಉತ್ತರ ನೀನೇ ಹೇಳಿಕೊಡುತ್ತೀ ಅಂತ ಬೈದೆ. ಆಕೆ ಸಿಟ್ಟಾಗಲಿಲ್ಲ. ಮುಂದಿನ ವಾರ ಅದಲುಬದಲು ಐತೆಲ್ಲ ಸರ್, ಆಗ ನೋಡೋಣು ಅಂದಳು. ಹತ್ತು ಮನೆಗೆ ಒಂದರಂತೆ ಆಕೆಯ ಮನೆಗಳಲ್ಲಿ ನಾನು, ನನ್ನ ಮನೆಗಳಲ್ಲಿ ಆಕೆ ಮತ್ತೆ ಕೇಳಬೇಕು. ನೋಡೋಣ.

ಚಹಾದಂಗಡಿಯಲ್ಲಿ ಹೇಳಿದೆ — ನಮ್ಮ ಓಣಿಯಷ್ಟು ಗಟ್ಟಿ ಮನಸ್ಸಿನವರು ಎಲ್ಲೂ ಇಲ್ಲ, ಅದರಲ್ಲೂ ನಮ್ಮಾಕಿ ಮೊದಲ ನಂಬರ್, ಸೊನ್ನೆ ತಗೊಂಡಾಳ ಅಂತ. ಮನೆಯಲ್ಲೂ ಅದನ್ನೇ ಹೇಳಿ ನಕ್ಕೆ. ಅವಳು ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿದಳು.

25 ಜುಲೈ, ಭಾನುವಾರ. ನಾಗರ ಪಂಚಮಿ

ಎಂಟು ದಿನ ಬರೆದಿಲ್ಲ. ಹಬ್ಬ, ಮಳೆ. ಸುಗರಾ ರಮಜಾನ್ ಹಬ್ಬಕ್ಕೆ ಶಾವಿಗೆಯ ಸುರಕುಂಬಾ ಕಳಿಸಿದ್ದಳು, ನಾನೇ ಮುಗಿಸಿದೆ.

ಈ ಸಲ ನಮ್ಮಾಕಿ ತವರಿಗೆ ಹೋಗಲಿಲ್ಲ. ಮದುವೆಯಾದಾಗಿನಿಂದ ಪಂಚಮಿಗೆ ಚೊಳಚಗುಡ್ಡ ತಪ್ಪಿಸಿದವಳಲ್ಲ. ಅಲ್ಲಿ ಅವಳೂ ತಂಗಿ ಸಾವಿತ್ರೆವ್ವನೂ ಕೂದಲು ನೆರೆತರೂ ಜೋಕಾಲಿ ಬಿಡುತ್ತಿರಲಿಲ್ಲ. ಸಾವಿತ್ರೆವ್ವ ಹೋದ ಮಾಘದಲ್ಲಿ ತೀರಿದಳು. ಹೋಗೋದಿಲ್ಲೇನು ಅಂದರೆ, ಮಳಿ ಐತಿ, ಮೊಣಕಾಲು ನೋವು ಅಂದಳು. ನನಗೇನೋ ಖುಷಿಯೇ ಆಯಿತು. ಇಷ್ಟು ವರ್ಷದಲ್ಲಿ ಇಬ್ಬರೂ ಕೂಡಿ ಇದ್ದ ಮೊದಲ ಪಂಚಮಿ. ಐದು ನಮೂನೆ ಉಂಡಿ ಕಟ್ಟಿದಳು. ತಾನು ಒಂದೂ ಬಾಯಿಗೆ ಹಾಕಲಿಲ್ಲ.

ಗಟ್ಟಿ ಹೆಣ್ಣುಮಗಳು. ತಂಗಿಯ ಗಣಾರಾಧನೆ ಮುಗಿದ ದಿನ ನಾನೇ ತಿಳಿಸಿ ಹೇಳಿದ್ದೆ — ಲಿಂಗೈಕ್ಯರಾದವರಿಗೆ ಅಳಬಾರದು, ಇಲ್ಲಿಗೆ ಸಾಕು ಮಾಡು ಅಂತ. ಅಂದಿನಿಂದ ಒಂದು ಹನಿ ಹಾಕಿಲ್ಲ.

29 ಜುಲೈ, ಗುರುವಾರ

ಅದಲುಬದಲು ಶುರು. 1, 11, 21, 31 — ನನ್ನ ಈ ಮನೆಗಳಿಗೆ ಸುಗರಾ. ಒಂದನೇ ನಂಬರ್ ನಮ್ಮದೇ ಅಂತ ಹೇಳಿದೆ. ಹಂಗಾರ ನೀವು ಹೊರಗ ಹೋಗ್ರಿ ಅಂದಳು. ನಮ್ಮ ಮನೆಯಿಂದ ನನ್ನನ್ನೇ ಹೊರಗೆ ಹಾಕಿದಳು! ಐದು ಮಿನಿಟಿನ ಕೆಲಸ. ಎರಡು ತಾಸಾದರೂ ಬಾಗಿಲು ತೆರೆಯಲಿಲ್ಲ. ಹೆಂಗಸರ ಹರಟೆ ಅಂತ ಕಟ್ಟೆಯ ಮೇಲೆ ಪೇಪರ್ ಓದುತ್ತ ಕೂತೆ.

3 ಆಗಸ್ಟ್, ಮಂಗಳವಾರ. ಸಂಜೆ 6

ಲೆಕ್ಕ ನೋಡಲು ಡಾಕ್ಟರು ಕರೆಸಿದ್ದರು, ಹುನಗುಂದದಿಂದ ಈಗ ಬಂದೆ.

ಡಾಕ್ಟರು ಹಾಳೆಯ ಮೇಲೆ ಎರಡು ಗೆರೆ ಎಳೆದು ಕೂತಿದ್ದರು. ಎಡಕ್ಕೆ ನನ್ನ ಟೋಟಲ್, ಬಲಕ್ಕೆ ಅದೇ ಮನೆಗೆ ಸುಗರಾ ಕೇಳಿದ್ದು. ಎಡಕ್ಕೆ ಸೊನ್ನೆ, ಒಂದು, ಸೊನ್ನೆ, ಸೊನ್ನೆ. ಬಲಕ್ಕೆ ಹದಿನಾಲ್ಕು, ಆರು, ಒಂಬತ್ತು, ಎಂಟು. ಫಾರ್ಮ್ ಒಂದೇ, ಉತ್ತರ ಹೀಗೆ. ಸಿಟ್ಟು ಮಾಡಲಿಲ್ಲ ಅವರು. ನಗುತ್ತಲೇ ಅಂದರು: "ಮಾಸ್ತರ, ನಿಮ್ಮ ಮುಂದ ಫೇಲ್ ಆಗಾಕ ಯಾರೂ ತಯಾರಿಲ್ಲ."

ಆಕೆಯ ಲೆಕ್ಕವೂ ಪೂರ್ತಿ ಸರಿ ಅಲ್ಲವಂತೆ. ಒಂಬತ್ತು ಅಂದರೆ ಹೊಳಬಸಪ್ಪ. ಹೋದ ಶನಿವಾರ ಅವನನ್ನು ಡಾಕ್ಟರು ನೋಡಿದರಂತೆ. ಮನಸ್ಸು ನೆಟ್ಟಗಿದೆ, ರಕ್ತ ಕಮ್ಮಿ, ಹೊಟ್ಟೆಯಲ್ಲಿ ಹುಳ. ದಣಿವು, ಹಸಿವಿಲ್ಲ, ಕೈನಡುಕ — ಎಲ್ಲ ಅದರದೇ. ಈ ಫಾರ್ಮ್ ಜರಡಿ ಇದ್ದಂತೆ, ಕಲ್ಲಿನ ಜೊತೆ ಕಾಳೂ ಮೇಲೆ ಉಳಿಯುತ್ತದೆ, ಆಮೇಲೆ ಕೈಯಿಂದ ಆರಿಸಬೇಕು ಅಂದರು. ನಾನು ಜರಡಿ ಹಿಡಿದದ್ದೇ ತಪ್ಪು.

ಆಮೇಲೆ ಮೊದಲನೇ ಸಾಲಿನ ಮೇಲೆ ಬೆರಳಿಟ್ಟರು. "ಈ ಒಂದನೇ ನಂಬರಿನವರು ಸಾಯೋ ವಿಚಾರ ಬರತೈತಿ ಅಂದಾರ. ಇವರನ್ನ ಈ ಶನಿವಾರ ಹೆಂಗರ ಮಾಡಿ ಕರಕೊಂಡು ಬರ್ರಿ." ಯಾರ ಮನೆ ಅಂತ ಕೇಳಿದರು.

ನಮ್ಮ ಓಣಿಯವರ್ರಿ ಅಂದೆ.

ಬಸ್ಸಿನಲ್ಲಿ ಮುಖದ ಮೇಲೆ ಟವೆಲ್ ಹಾಕಿಕೊಂಡು ಬಂದೆ. ಈಗ ಅವಳು ಅಡಿಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಾಳೆ. ದಿನದ ಸಪ್ಪಳವೇ. ಇಪ್ಪತ್ತೊಂಬತ್ತು ವರ್ಷ ಕೇಳಿದ ಸಪ್ಪಳ… ಇನ್ನು ಬರೆಯಲಾಗದು.

4 ಆಗಸ್ಟ್

ಸುಗರಾಳನ್ನು ದಾರಿಯಲ್ಲೇ ಹಿಡಿದು ಕೇಳಿದೆ, ನಮ್ಮಾಕಿ ಏನು ಹೇಳಿದಳು ಅಂತ. ಬಾಯಿ ಬಿಡಲಿಲ್ಲ. ನನಗ ನಂಬಿ ಹೇಳ್ಯಾರ್ರಿ ಸರ್, ಅದು ನನ್ನ ಹತ್ರನ ಇರ್ಲಿ ಅಂದಳು. ಡಾಕ್ಟರ ಹತ್ತಿರ ಬರಲು ಮಾತ್ರ ಒಪ್ಪುತ್ತಿಲ್ಲವಂತೆ. ಕಾರಣ ಕೇಳಿದೆ. ಸೊನ್ನೆ ತಗೊಂಡಾಕಿ ಅಂತ ಅವರು ಊರೆಲ್ಲ ಹೇಳಿಕೊಂಡು ತಿರುಗ್ಯಾರ, ಈಗ ನಾ ಜಡ್ಡಿನಾಕಿ ಅಂತ ಹೋಗಿ ಅವರ ಮಾನ ಕಳೀಲೇನು — ಹೀಗೆ ಅಂದಳಂತೆ.

ನನ್ನ ಮಾನ! ಅದನ್ನು ಯಾರು ಕೇಳಿದ್ದರು.

5 ಆಗಸ್ಟ್, ಗುರುವಾರ

ಎರಡು ದಿನದಿಂದ ಹಿತ್ತಲ ಬಾವಿಯ ನೀರು ನಾನೇ ಸೇದುತ್ತಿದ್ದೇನೆ. ಅವಳನ್ನು ಆ ಕಡೆ ಬಿಟ್ಟಿಲ್ಲ. ಸರ್ವೆಗೂ ಹೋಗಿಲ್ಲ. ಅಡಿಗೆಮನೆಯ ಹೊಸ್ತಿಲಲ್ಲಿ ಕೂತು ಕಾಯಿಪಲ್ಯ ಸೋಸಿಕೊಟ್ಟೆ. ಮೆಂತ್ಯದ ಎಲೆ ಚೆಲ್ಲಿ ಕಡ್ಡಿ ಇಟ್ಟಿದ್ದೆನಂತೆ. ತಂಗಿಯ ಮಾತು ತೆಗೆಯಬೇಕು ಅಂತ ಮೂರು ಸಲ ಬಾಯಿ ತೆರೆದೆ. ಮೂರು ಸಲವೂ ಮಳೆಯ ಮಾತೇ ಬಂತು. ಏನೂ ತಿಳಿಯದವನಂತೆ ಇರುವುದು ಭಾಳ ಕಷ್ಟ.

ಮಧ್ಯಾಹ್ನ ಕೊಡ ನನ್ನ ಕೈಯಿಂದ ಕಸಿದುಕೊಂಡು ಅವಳೇ ಅಂದಳು, ನಿಮಗೇನೋ ಆಗೇತಿ, ಊಟ ಸೇರವಲ್ದು, ಆ ಡಾಕ್ಟರಿಗೆ ಒಮ್ಮೆ ತೋರಿಸಿಕೊಂಡು ಬರ್ರಿ ಅಂತ. ತನ್ನ ಜೀವದ ಮೇಲೆ ಆಸೆ ಇಲ್ಲದಾಕಿಗೆ ನನ್ನ ಊಟದ ಚಿಂತೆ. ಹಿತ್ತಲಿಗೆ ಹೋಗಿ ಮುಖ ತೊಳೆದುಕೊಂಡೆ. ಅಲ್ಲೇ ಒಂದು ವಿಚಾರ ಹೊಳೆಯಿತು.

6 ಆಗಸ್ಟ್, ಶುಕ್ರವಾರ. ಮಧ್ಯಾಹ್ನ 3

ಮುಂಜಾನೆ ಸುಗರಾಳನ್ನು ಕರೆದು ತಂದೆ. ಪಡಸಾಲೆಯಲ್ಲಿ ಕೂತು, ನನ್ನನ್ನೂ ಕೇಳು ಅಂದೆ. ನಮ್ಮಾಕಿ ಒಳಗೆ ಒಲೆಯ ಮುಂದೆ. ಬಾಗಿಲು ತೆರೆದೇ ಇತ್ತು.

ಈ ಸಲ ಸುಳ್ಳು ಹೇಳಬಾರದು ಅಂತ ನಿಶ್ಚಯ ಮಾಡಿದ್ದೆ. ಊಟ ರುಚಿಸುವುದಿಲ್ಲವೋ ಅಂದಳು — ಹೌದು. ನಿದ್ದೆ ಬರುವುದಿಲ್ಲವೋ — ಹೌದು. ಅಂಜಿಕೆ — ಹೌದು. ಕೇಳಿಸಿಕೊಳ್ಳುವುದು ಇಷ್ಟು ಕಷ್ಟ ಅಂತ ಗೊತ್ತಿರಲಿಲ್ಲ. ಎಲ್ಲರಿಗೂ ಐದು ಮಿನಿಟಿನಲ್ಲಿ ಮುಗಿಸಿದವನು ನಾನು. ಅಳು ಬರುತ್ತದೋ ಅಂದಳು. ಬರತೈತಿ ಅಂದೆ. ಮೊನ್ನೆ ಬಸ್ಸಿನಲ್ಲಿ ಬಂತು ಅಂದೆ. ಒಳಗೆ ರೊಟ್ಟಿ ಬಡಿಯುವ ಸಪ್ಪಳ ನಿಂತಿತು.

ಯಾಕೆ ಅಂತ ಸುಗರಾ ಕೇಳಿದಳು. ಫಾರ್ಮಿನಲ್ಲಿ ಇಲ್ಲದ ಪ್ರಶ್ನೆ.

"ಸಾವಿತ್ರೆವ್ವ ಹೋದಾಗ ಇಕಿಗೆ ಅಳಬ್ಯಾಡ ಅಂದೆ. ನನ್ನ ಮಾತು ನಡಸಿದ್ಲು. ನಾ ತಪ್ಪು ಮಾಡಿದೆ. ಇಕಿಗೇನರ ಆದ್ರ ನಾ ಇರಾಂವಲ್ಲ, ಸುಗರಾ."

ಆಕೆ ಫಾರ್ಮ್ ಕಡೆ ನೋಡಿ, ಇದನ್ನ ಬರಿಯಾಕ ಇಲ್ಲಿ ಜಾಗಾ ಇಲ್ರಿ ಸರ್ ಅಂದಳು. ಟೋಟಲ್ ಮಾಡಿದಳು. ಏಳು. ಪಾಸು ಅನ್ನಬೇಕೋ ಫೇಲು ಅನ್ನಬೇಕೋ. ನಾಳೆ ಹುನಗುಂದಕ್ಕೆ ಬರಬೇಕು ಅಂತ ಚೀಟಿ ಬರೆದುಕೊಟ್ಟಳು.

ನಮ್ಮಾಕಿ ಹೊರಗೆ ಬಂದಳು. ಕೈಗೆಲ್ಲ ಹಿಟ್ಟು. ನನ್ನನ್ನು ನೋಡಲಿಲ್ಲ. ಸುಗರಾಳಿಗೇ ಹೇಳಿದಳು: "ನನಗೂ ಒಂದು ಚೀಟಿ ಬರಿಯವಾ. ಇವರನ್ನ ಒಬ್ಬರನ ಹೆಂಗ ಕಳಸ್ಲಿ."

7 ಆಗಸ್ಟ್, ಶನಿವಾರ

ಒಂಬತ್ತರ ಬಸ್ಸಿಗೆ ಇಬ್ಬರೂ. ಡಾಕ್ಟರು ನನ್ನನ್ನು ಹತ್ತು ಮಿನಿಟ್ ನೋಡಿ, ನಿಮಗ ಜಡ್ಡಿಲ್ಲ, ಚಿಂತಿ ಐತಿ ಅಂದರು. ನನ್ನ ವಿಷಯದಲ್ಲೂ ಫಾರ್ಮ್ ತಪ್ಪಿತು. ಅವಳನ್ನು ಒಂದು ತಾಸು ಒಳಗೆ ಕೂಡಿಸಿಕೊಂಡರು. ಚೀಟಿಯ ಮೇಲೆ 1 ಅಂತ ನಂಬರ್ ಇತ್ತಲ್ಲ, ಹೊರಗೆ ಬಂದು ನನ್ನ ಕಡೆ ಒಮ್ಮೆ ನೋಡಿದರು. ನಾನು ತಲೆ ತಗ್ಗಿಸಿದೆ. ಬೆನ್ನ ಮೇಲೆ ಕೈಯಿಟ್ಟರು. ದಿನಕ್ಕೊಂದು ಗುಳಿಗೆ. ಗುಣ ಕಾಣಲು ಎರಡು-ಮೂರು ವಾರ ಬೇಕು, ಅಲ್ಲಿತನಕ ಒಬ್ಬರನ್ನೇ ಬಿಡಬೇಡಿ ಅಂದರು. ಗುಳಿಗೆ ನನ್ನ ಕಡೆಯೇ ಇಟ್ಟುಕೊಳ್ಳಬೇಕಂತೆ.

ಬಸ್ಸಿನಲ್ಲಿ ಕಿಟಕಿಯ ಜಾಗ ಕೊಟ್ಟೆ. ಹುನಗುಂದದಲ್ಲಿ ಕೊಂಡ ಪೇರಲಹಣ್ಣು ಅರ್ಧ ತಿಂದಳು. ಉಳಿದರ್ಧ ನನಗೆ ಕೊಟ್ಟಳು.

14 ಆಗಸ್ಟ್

ಬಾಯಿ ಒಣಗುತ್ತದಂತೆ, ಹಗಲೆಲ್ಲ ಮಂಪರು. ಗುಣ ಏನೂ ಕಾಣುತ್ತಿಲ್ಲ. ನನಗೆ ಅಂಜಿಕೆ. ನೀರು ಇನ್ನೂ ನಾನೇ ಸೇದುತ್ತೇನೆ.

ಚಹಾದಂಗಡಿಯಲ್ಲಿ ಕೇಳಿದರು, ಹುನಗುಂದಕ್ಕೆ ಯಾಕೆ ಹೋಗಿದ್ದಿರಿ ಅಂತ. ಇಬ್ಬರೂ ತೋರಿಸಿಕೊಂಡು ಬಂದೆವು, ಮನೆಯಾಕಿಗೆ ಗುಳಿಗೆ ಶುರು ಆಗ್ಯಾವು, ಆ ಸೊನ್ನೆ ನನ್ನ ತಪ್ಪು ಅಂದೆ. ಯಾರೂ ನಗಲಿಲ್ಲ. ಈ ಶನಿವಾರ ನನ್ನ ಸೊನ್ನೆಯ ಮನೆಗಳಿಂದ ಮೂರು ಮಂದಿ ಬಸ್ ಹತ್ತಿದರು.

24 ಆಗಸ್ಟ್

ಇಂದು ಊಟಕ್ಕೆ ಕೂತಾಗ ನನ್ನ ಅಂಗಿ ನೋಡಿ, ಇದನ್ನ ಹಾಕ್ಕೊಂಡು ಊರಾಗ ತಿರಗ್ಯಾಡಿ ಬಂದ್ರೇನ್ರಿ ಅಂದಳು. ಬೈಸಿಕೊಂಡು ಎಷ್ಟು ತಿಂಗಳಾಗಿತ್ತು. ಹೊಟ್ಟೆ ತುಂಬಿತು.

29 ಆಗಸ್ಟ್, ಭಾನುವಾರ. ಮುಂಜಾನೆ

ಮಳೆ ಬಿಟ್ಟಿದೆ. ಸುಗರಾ ಬರುತ್ತೇನೆ ಅಂದಿದ್ದಾಳೆ, ಉಳಿದ ಮನೆಗಳಿಗೆ ಕೂಡಿಯೇ ಹೋಗುವುದು. ಈ ಸಲ ನಾನು ಕಂಡಿಕೆ ಸುತ್ತುವುದು ಕಲಿಯಬೇಕಂತೆ. ಡಾಕ್ಟರಿಗೆ ಒಂದು ಕಾಗದ ಬರೆಯಬೇಕು — ಪ್ರಶ್ನೆಯಷ್ಟೇ ಕೇಳುವವನೂ ಮುಖ್ಯ, ಯಾರು ಕೇಳಿದರು ಅಂತ ಫಾರ್ಮಿನಲ್ಲಿ ಒಂದು ಸಾಲು ಬೇಕು ಅಂತ.

ನಮ್ಮಾಕಿ ಬಂದು ಎದುರಿಗೆ ಕೂತಳು. ಏನು ಅಂದೆ, ಬರೆಯುತ್ತಲೇ. ಸಾವಿತ್ರಿ ಹೋಗೂ ದಿನ ನನಗೊಂದು ಮಾತು ಹೇಳಿದ್ಲು, ನಿಮಗ ಹೇಳಿಲ್ಲ ಅಂದಳು. ಕಣ್ಣಲ್ಲಿ ನೀರು — ನನ್ನೆದುರೇ. ಹೇಳು ಅಂದೆ. ಮೊದಲ ಆ ಪೆನ್ ಕೆಳಗಿಡ್ರಿ ಅಂತಾಳೆ. ಇಡುತ್ತಿ—